ಹದಿನೆಂಟರ ಸ್ಪ್ರಿಂಗು ಮತ್ತು ಕಾಶವ್ವನ ಜೋಳ

“ವೈನಿ, ಮುಟ್ಟಬ್ಯಾಡ್ರಿ. ಬರೇ ನೋಡ್ರಿ,” ಎಂದು ನನ್ನ ಮೈದುನ ಫಕ್ಕೀರೇಶ ಗಿರಣಿಯ ಡೀಸೆಲ್ ಎಂಜಿನ್ನಿನ ಮೇಲಿದ್ದ ಗೋಣಿಚೀಲವನ್ನು ಸರಕ್ಕನೆ ಎಳೆದ. ಅಡಿಯಲ್ಲಿ ಬಸವನಹುಳುವಿನಂಥ ಕಬ್ಬಿಣದ ಬುರುಡೆ, ಪಕ್ಕದಲ್ಲಿ ದೀಪ ಮಿಣುಕುವ ಒಂದು ಡಬ್ಬಿ.

“ಇದು ಟರ್ಬೊ. ಎಂಜಿನ್ ಬಿಡೋ ಹೊಗಿಯಿಂದನ ಚಕ್ರ ತಿರುಗಿ ಎಂಜಿನ್ನಿಗೇ ಗಾಳಿ ತುರುಕತೈತಿ. ಗಾಳಿ ಹೆಚ್ಚಾದಂಗ ಡೀಸೆಲ್ಲೂ ಹೆಚ್ಚು ಹೋಗೂಹಂಗ ಮಾಡೇನಿ, ಕಲ್ಲು ಜೋರು ತಿರುಗತೈತಿ. ಹೊಗಿ ಅತಿಯಾದ್ರ ಈ ಕಂಡಿ ತೆರದು ಹೊರಗ ಹೋಗತೈತಿ. ಕಂಡಿ ಬಾಗಿಲಾ ಒತ್ತಿ ಹಿಡಿಯೂದು ಒಂದು ಸ್ಪ್ರಿಂಗು. ಒತ್ತಡ ಎಷ್ಟಿರಬೇಕಂತ ನೋಡಿಕೊಳ್ಳೂದು ಈ ಡಬ್ಬಿ. ಇದಕ್ಕ ಬುದ್ಧಿ ಐತಿ, ಮಾತಾಡತೈತಿ.”

“ನಮಸ್ಕಾರ,” ಎಂದಿತು ಡಬ್ಬಿ, ಪಠ್ಯಪುಸ್ತಕದ ಕನ್ನಡದಲ್ಲಿ.

ನನಗೆ ನಮಸ್ಕಾರ ಬೇಕಿರಲಿಲ್ಲ, ಹಿಟ್ಟು ಬೇಕಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಕರೆಂಟಿನ ಹೊಸ ಗಿರಣಿ ಬಂದ ಮೇಲೆ ನನ್ನ ಗಿರಾಕಿಗಳೆಲ್ಲ ಅತ್ತ ಹೋಗಿದ್ದರು. ಅಂದು ಊರಿಗೆ ಇಡೀ ದಿನ ಕರೆಂಟಿಲ್ಲ. ಹನ್ನೊಂದು ಡಬ್ಬಗಳು ನನ್ನ ಬಾಗಿಲಲ್ಲಿ ಪಾಳಿ ಹಚ್ಚಿದ್ದವು. ಎಲ್ಲಕ್ಕೂ ಮುಂದೆ ಕಾಶವ್ವನ ಎರಡು ಚೀಲ ಜೋಳ. ಮಗಳ ಮದುವೆಗೆಂದು ಅವಳ ಮನೆಗೆ ಮೂರು ಗಂಟೆಗೆ ರೊಟ್ಟಿ ಬಡಿಯುವವರು ಬರುವವರಿದ್ದರು. ಅಷ್ಟರೊಳಗೆ ಬೀಸಿ ಕೊಟ್ಟರೆ ನನ್ನ ಗಿರಣಿ ಉಳಿಯಿತು, ಇಲ್ಲದಿದ್ದರೆ ಬಾಗಿಲಿಗೆ ಬೀಗ.

“ಸ್ಪ್ರಿಂಗು ಮೂರು ಅದಾವ ವೈನಿ. ಆರು ಪೌಂಡ್ ಒತ್ತಡದ್ದು, ಹತ್ತರದು, ಹದಿನೆಂಟರದು. ನಮಗ ಎಂಟು ಪೌಂಡ್ ಸಾಕು. ಅಂದಮ್ಯಾಲೆ...”

“ಹದಿನೆಂಟರದು ಹಾಕು.”

“ಅದು ಭಾಳ ಗಟ್ಟಿ ಐತ್ರಿ.”

“ಕಲ್ಲು ಬಿಗಿ ಮಾಡಿದಷ್ಟೂ ಹಿಟ್ಟು ಸಣ್ಣ ಬರತೈತಿ. ಇಪ್ಪತ್ತೆರಡು ವರ್ಷ ಗಿರಣಿ ನಡಸೇನಿ. ನನಗ ಬಿಗಿ ಸಡ್ಲ ಕಲಸಬ್ಯಾಡ.”

ಅವನು ತಲೆ ಕೆರೆದುಕೊಂಡ. “ಆತು ಬಿಡ್ರಿ. ಹೆಚ್ಚಾದ್ರ ಡಬ್ಬಿ ಇಳಸತೈತಿ.”

ಎಂಜಿನ್ ಹತ್ತಿತು. ಮೊದಲ ಚೀಲದ ಅರ್ಧ ಬೀಸುವವರೆಗೆ ಎಲ್ಲ ನೆಟ್ಟಗೇ ಇತ್ತು. ಕಾಶವ್ವ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, “ಪೌಡರ್ ಆಗೇತಲ್ಲ ಶಂಕ್ರವ್ವ,” ಎಂದಳು. ನಾನು ಬೀಗಿದೆ.

ಆಮೇಲೆ ಬುರುಡೆ ಸಿಳ್ಳೆ ಹಾಕತೊಡಗಿತು. ಸುರಿದ ಜೋಳವನ್ನು ಕಲ್ಲು ಒಂದೇ ಗುಟುಕಿಗೆ ನುಂಗಿತು. ಹಿಟ್ಟು ಬೀಳುವ ಬಟ್ಟೆಯ ತೋಳು ಆನೆಯ ಸೊಂಡಿಲಿನಂತೆ ಉಬ್ಬಿ ಎದ್ದು ಕಾಶವ್ವನ ಸೆರಗನ್ನು ಎಳೆಯಿತು. ಪಾಳಿಯಲ್ಲಿದ್ದ ಡಬ್ಬಗಳು ನಡುಗುತ್ತ ನಡುಗುತ್ತ ತಾವೇ ನಡೆದು ಹಿಂದುಮುಂದಾದವು.

“ನನ್ನ ಡಬ್ಬ ಮೂರನೇದಿತ್ತು,” ಎಂದಳು ಓಣಿಯ ನೀಲವ್ವ.

“ಅದು ತಾನ ನಡಕೊಂತ ಹಿಂದ ಹೋತು. ನಾ ಏನ ಮಾಡ್ಲಿ?” ಎಂದೆ.

ಫಕ್ಕೀರೇಶ ಡಬ್ಬಿಯ ಗುಂಡಿಯನ್ನು ಎಂಟಕ್ಕೆ ತಿರುಗಿಸಿದ.

“ಕ್ಷಮಿಸಿ,” ಎಂದಿತು ಡಬ್ಬಿ. “ಸ್ಪ್ರಿಂಗು ಹದಿನೆಂಟರದು. ಹದಿನೆಂಟು ಆಗುವವರೆಗೆ ಕಂಡಿ ತೆರೆಯುವುದಿಲ್ಲ. ನಾನು ಅದಕ್ಕಿಂತ ಮೇಲಕ್ಕೆ ಏರಿಸಬಲ್ಲೆ, ಕೆಳಕ್ಕೆ ಇಳಿಸಲಾರೆ. ಏರಿಸಲೇ?”

“ಏರಿಸಿದ್ರ ನಿನ್ನ ಒಡದು ಹಾಕ್ತೀನಿ,” ಎಂದು ಅದಕ್ಕೆ ಹೇಳಿ, ಮೈದುನನ ಕಡೆಗೆ ತಿರುಗಿದೆ. “ಏನೋ ಇದು?”

“ಆರರದು ಹಾಕಿದ್ರ ಡಬ್ಬಿ ಎಂಟಕ್ಕ ಏರಿಸಿ ಹಿಡೀತಿತ್ರಿ. ಸ್ಪ್ರಿಂಗಿಗಿಂತ ಕೆಳಗ ಅದರ ಆಟ ನಡಿಯೂದಿಲ್ಲ.”

“ಅದನ್ನ ಮೊದಲ ಹೇಳಾಕ ಏನ ಧಾಡಿ?”

“ನನಗೂ ಈಗ ಗೊತ್ತಾತ್ರಿ. ಗೊತ್ತಿದ್ರೂ ಹೇಳಾಕ ಬಿಡ್ತಿದ್ರೇನು ನೀವು?”

ಡೀಸೆಲ್ ನಿಲ್ಲಿಸುವ ಹಿಡಿಕೆ ಅಲುಗಾಟಕ್ಕೆ ಎಲ್ಲೋ ಹಾರಿಹೋಗಿತ್ತು. ಮೇಲಿನ ತಗಡು ದಡದಡ ಬಡಿಯುತ್ತಿತ್ತು. “ಎಲ್ಲಾರೂ ಹೊರಗ ನಡ್ರಿ,” ಎಂದು ಫಕ್ಕೀರೇಶ ಒದರಿದ. ಹೆಂಗಸರು ಓಡಿದರು. ಕಾಶವ್ವ ಮಾತ್ರ ಎರಡನೇ ಚೀಲವನ್ನು ತಬ್ಬಿಕೊಂಡು ನಿಂತಿದ್ದಳು. ಅವಳ ಮುಖ ನೋಡಿ ನನಗೆ ಹಟ ಬಂತು.

“ಹಿಡಿ ಆ ಕಡೆ,” ಎಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಇಬ್ಬರೂ ಕೂಡಿ ಎರಡನೇ ಚೀಲ ಸುರಿದೆವು. ಪಾಳಿಯ ಹನ್ನೊಂದು ಡಬ್ಬಗಳನ್ನೂ ಒಂದೊಂದಾಗಿ ಸುರಿದೆ. ಹನ್ನೊಂದಕ್ಕೆ ಹನ್ನೊಂದೂ ಮುಗಿಯದೆ ಎಂಜಿನ್ ನಿಲ್ಲಿಸುವ ಮಾತೇ ಇರಲಿಲ್ಲ. ಕೊನೆಯ ಕಾಳು ಇಳಿದ ಮೇಲೆ ಗೋಣಿಚೀಲವನ್ನು ನೀರಲ್ಲಿ ಅದ್ದಿ, ಬುರುಡೆ ಗಾಳಿ ಎಳೆಯುವ ಬಾಯಿಗೆ ತುರುಕಿದೆ. ಅರ್ಧ ಚೀಲ ನುಂಗಿ, ಮೂರು ಸಲ ಕೆಮ್ಮಿ ಎಂಜಿನ್ ನಿಂತಿತು.

“ಧನ್ಯವಾದ,” ಎಂದಿತು ಡಬ್ಬಿ.

ಹಿಟ್ಟು ಮಾತ್ರ ನೆಲಕ್ಕೆ ಬೀಳಲಿಲ್ಲ. ಅಷ್ಟು ಸಣ್ಣಗಾಗಿತ್ತು. ತಲೆಯ ಮಟ್ಟದಲ್ಲಿ ಬಿಳಿ ಮೋಡವಾಗಿ ಸುಮ್ಮನೆ ನಿಂತಿತ್ತು. ಹೆಂಗಸರನ್ನು ಒಳಗೆ ಕರೆದೆ. ಸೊಳ್ಳೆಪರದೆ ತರಿಸಿ, ಮೋಡವನ್ನು ಮೂಲೆಗೆ ಒತ್ತಿ, ಅವರವರ ಅಳತೆಗೆ ತುಂಬಿಸಿ ಗಬಕ್ಕನೆ ಮುಚ್ಚಳ ಹಾಕಿಸಿದೆ. ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಕಾಶವ್ವನ ಮನೆಯಲ್ಲಿ ರೊಟ್ಟಿಗಳು ಹಂಚಿನಿಂದ ಎದ್ದು ತೊಲೆಗೆ ಹತ್ತಿಕೊಂಡವಂತೆ. ಕೋಲಿನಿಂದ ಇಳಿಸಿ ಬಡಿಸಿದರು. ಎಣ್ಣೆಗಾಯಿ ಪಲ್ಯ ಹಾಕಿದ ಮೇಲೆಯೇ ರೊಟ್ಟಿ ಎಲೆಗೆ ಇಳಿಯುತ್ತಿತ್ತು. ಹಲ್ಲಿಲ್ಲದ ಬೀಗರ ಮುದುಕನೊಬ್ಬ ಒಂಬತ್ತು ತಿಂದನಂತೆ.

ಮರುದಿನ ಕರೆಂಟು ಬಂದಿತ್ತು. ಆದರೂ ಮೂವತ್ನಾಲ್ಕು ಡಬ್ಬಗಳು ನನ್ನ ಬಾಗಿಲಿಗೇ ಬಂದವು. ಹದಿನೆಂಟರದೇ ಬೇಕೆಂದು ಎಲ್ಲರ ಹಟ. ಸ್ಪ್ರಿಂಗು ಬದಲಿಸಲಿಲ್ಲ. ಒಂದು ಬೋರ್ಡು ಬರೆಸಿ ತೂಗುಹಾಕಿದ್ದೇನೆ: ಡಬ್ಬದ ಮುಚ್ಚಳದ ಮೇಲೆ ಹೇರುವ ಕಲ್ಲು ತಾವೇ ತರಬೇಕು.