ಟ್ಯಾಂಕಿನ ನೀರು ಎಲ್ಲಿ ಹೋಯ್ತು

ಮೂಡಿಗೆರೆಯಲ್ಲಿ ನೀರಿಗೆ ತಾಪತ್ರಯ ಅಂದ್ರೆ ಹೊರಗಿನವರು ನಗ್ತಾರೆ. ಮಳೆಗಾಲದಲ್ಲಿ ಒಗೆದ ಬಟ್ಟೆ ವಾರವಾದ್ರೂ ಒಣಗದೆ ಒಲೆ ಮೇಲೆ ತೂಗಿ ಹಾಕೋ ಊರಲ್ಲಿ ನೀರಿಲ್ವಂತೆ, ಒಳ್ಳೆ ಕತೆ ಅಂತಾರೆ. ಅವರು ಮಾರ್ಚ್ ತಿಂಗಳಲ್ಲಿ ಬಂದು ನಮ್ಮ ಬಾವಿಗೆ ಒಮ್ಮೆ ಬಗ್ಗಿ ನೋಡ್ಬೇಕು. ಒಂದು ಬಾವಿ, ಒಂದು ಟ್ಯಾಂಕು, ನಮ್ಮದೂ ಸೇರಿ ನಾಲ್ಕು ಮನೆ. ಬೇಸಿಗೆ ಬಂತು ಅಂದ್ರೆ ಏನಾದ್ರೊಂದು ಪ್ರಸಂಗ ನಡೆದೇ ನಡೀತದೆ. ಆಗ ಸಿಟ್ಟು ಬರ್ತದೆ, ಮಳೆ ಬಿದ್ದ ಮೇಲೆ ನಗು ಬರ್ತದೆ.

ನಮ್ಮ ಯಜಮಾನರಿಗೆ ಬಸ್‌ಸ್ಟ್ಯಾಂಡ್ ಹತ್ತಿರ ಗೊಬ್ಬರದ ಅಂಗಡಿ. ಹಾಗಾಗಿ ನಮ್ಮ ಮನೆ ಹಿಂದಿರೋ ಮೂರು ಬಾಡಿಗೆ ಮನೆಗಳ ಪಂಚಾಯ್ತಿ ಎಲ್ಲ ನನ್ನ ತಲೆಗೆ. ಒಂದರಲ್ಲಿ ವಿಜಯಪುರದ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನವರು. ಇನ್ನೊಂದರಲ್ಲಿ ಇಬ್ಬರು ಹೈಸ್ಕೂಲ್ ಟೀಚರ್‌ಗಳು, ಇನ್ನೂ ಮದುವೆ ಆಗದ ಹುಡುಗಿಯರು. ಮೂರನೆಯದರಲ್ಲಿ ಜೀಪ್ ರಿಪೇರಿ ಮಾಡೋ ಮೆಕ್ಯಾನಿಕ್ ಭಾಯಿ ಸಂಸಾರ. ಇವರು ಎಲ್ಲರಿಗಿಂತ ಹಳಬರು. ಅವರ ಮಗಳು ಕಂಕುಳಲ್ಲಿ ಕೂತ್ಕೊಂಡು ನಮ್ಮ ಗೇಟು ದಾಟಿ ಬಂದವಳು.

ಆ ಮಗಳಿಗೆ ಈ ಸಲ ಬಣಕಲ್ ಕಡೆ ಸಂಬಂಧ ಕೂಡಿ ಬಂತು. ನಿಶ್ಚಯ ಮಾರ್ಚ್ ಕೊನೆಯ ಭಾನುವಾರ. ಹುಡುಗಿ ಓಡಾಡಿ ಬೆಳೆದದ್ದು ಈ ಅಂಗಳದಲ್ಲಿ, ಹಾಗಾಗಿ ನಿಶ್ಚಯನೂ ಇಲ್ಲೇ ಆಗಲಿ ಅಂತ ತಾಯಿಗೆ ಆಸೆ. ನನ್ನ ಹತ್ರ ಕೇಳೋಕೆ ಸಂಕೋಚ ಪಟ್ಟಳು. ನಾನು ದೊಡ್ಡ ಮನುಷ್ಯರ ಹಾಗೆ, ನೀನು ಬಿರಿಯಾನಿ ನೋಡ್ಕೊ ಮಾರಾಯ್ತಿ, ನೀರು ನಾನು ನೋಡ್ಕೊಳ್ತೀನಿ ಅಂದೆ. ಅಂದದ್ದು ಜನವರಿಯಲ್ಲಿ. ಮಾರ್ಚ್ ಬರೋ ಹೊತ್ತಿಗೆ ಬೆಳಿಗ್ಗೆ ತುಂಬಿಸಿದ ಟ್ಯಾಂಕು ಸಂಜೆಗೆ ಖಾಲಿ. ಬಾವಿಯೂ ದಿನದಿನಕ್ಕೆ ಕೆಳಗೆ ಇಳೀತಾ ಹೋಯ್ತು. ಒಂದು ದಿನ ಭಾಯಿ ಬಂದು ತಲೆ ತಗ್ಗಿಸ್ಕೊಂಡು, ಬೇಕಾದ್ರೆ ಹಾಲ್ ನೋಡ್ತೀನಕ್ಕ ಅಂದ್ರು. ಹಿಂದೆ ನಿಂತಿದ್ದ ಅವರ ಹೆಂಡತಿ ಸೆರಗಿನ ತುದಿಯಲ್ಲಿ ಕಣ್ಣು ಒತ್ಕೊಂಡಳು. ಈ ಟ್ಯಾಂಕಿನ ನೀರು ಎಲ್ಲಿ ಹೋಗ್ತದೆ ಅಂತ ಕಂಡುಹಿಡಿದೇ ಸೈ ಅಂತ ಸೊಂಟ ಕಟ್ಟಿ ನಿಂತೆ.

ನಿನ್ನೆಯ ನೀರು

ಮೊದಲು ಹೋದದ್ದು ಬ್ಯಾಂಕಿನವರ ಮನೆಗೆ. ಒಳಗೆ ಕಾಲಿಟ್ಟರೆ ನೀರಿನ ಅಂಗಡಿಗೆ ಬಂದ ಹಾಗಾಯ್ತು. ಕೊಡ, ಬಿಂದಿಗೆ, ಬಕೆಟ್ ಸರಿ. ಕುಕ್ಕರ್, ಇಡ್ಲಿ ಪಾತ್ರೆ, ಯಜಮಾನರ ಟಿಫಿನ್ ಕ್ಯಾರಿಯರಿನ ಡಬ್ಬಿಗಳಲ್ಲೂ ನೀರು. ಅವರ ಊರಲ್ಲಿ ನೀರು ಯಾವಾಗ ಬರ್ತದೋ ಗ್ಯಾರಂಟಿ ಇಲ್ಲ, ಬಂದಾಗ ಮನೆಯಲ್ಲಿರೋದನ್ನೆಲ್ಲ ತುಂಬಿಸೋದು ಚಿಕ್ಕಂದಿನ ರೂಢಿ ಅಂದರು ಆ ಮನೆಯಾಕೆ. ಪಾಪ, ನೀರಿನ ಬೆಲೆ ಗೊತ್ತಿರೋ ಜನ ಅಂತ ಖುಷಿಯಾಯ್ತು.

ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತು. ಆಕೆ ಎದ್ದವರೇ ಒಂದೊಂದೇ ಪಾತ್ರೆ ಎತ್ತಿ ಬಚ್ಚಲಿಗೆ ಸುರಿಯೋಕೆ ಶುರು ಮಾಡಿದರು. ಹೊಸ ನೀರು ಬಂತಲ್ಲ, ನಿನ್ನೆಯದು ಯಾಕೆ ಅಂತ. ದಿನಾ ಹೀಗೇ ಅಂತೆ.

ಅಮ್ಮಾ ತಾಯಿ, ನಿನ್ನೆಯದೂ ಅದೇ ಬಾವಿದು, ಇವತ್ತಿಂದೂ ಅದೇ ಬಾವಿದು ಅಂತ ಕೈ ಹಿಡಿದು ಬಾವಿ ಕಟ್ಟೆಗೆ ಕರ್ಕೊಂಡು ಹೋಗಿ ತೋರಿಸಿದೆ. ಆಕೆ ಬಗ್ಗಿ ತುಂಬ ಹೊತ್ತು ನೋಡಿದರು. ಕೆಳಗೆ ನಿಂತಿದ್ದ ನೀರು ನೋಡಿ ಮುಖ ಸಣ್ಣದಾಯ್ತು. ಅರ್ಥ ಆಯ್ತು ಅಂತ ನಾನು ಸಮಾಧಾನ ಪಟ್ಕೊಂಡೆ.

"ಅಕ್ಕಾರ, ಹಂಗಂದ್ರ ಈ ಬಾವ್ಯಾಗಿನ ನೀರು ಎಷ್ಟು ದಿನದ್ದ್ರೀ ಇದು?" ಅಂದರು.

ಸ್ಕೂಟರಿನ ಸ್ನಾನ

ಟೀಚರ್‌ಗಳ ಮನೆಯ ಕತೆ ಬೇರೆ. ನಮ್ಮಲ್ಲಿ ಮಾಡಿನ ಮೇಲೆ ಸೋಲಾರ್ ಇದೆ. ಬಿಸಿನೀರು ಕೆಳಗೆ ಬರೋ ತನಕ ಪೈಪಿನಲ್ಲಿರೋ ತಣ್ಣೀರು ಸುಮ್ಮನೆ ಹರಿದು ಹೋಗ್ತದೆ. ನಾನು ಹೋಗಿ, ನೋಡ್ರಮ್ಮ, ಆ ನೀರಿಗೆ ಒಂದು ಬಕೆಟ್ ಇಡಿ, ಯಾವುದಕ್ಕಾದ್ರೂ ಆಗ್ತದೆ ಅಂದೆ. ಓದಿದ ಮಕ್ಕಳು, ಮರುಮಾತಿಲ್ಲದೆ ಒಪ್ಕೊಂಡರು. ನನಗೂ ಹೆಮ್ಮೆ. ಒಂದು ಮಾತು ಹೇಳಿದ್ರೆ ಸಾಕು, ತಿಳ್ಕೊಳ್ತಾರೆ ಅಂತ ನಮ್ಮ ಯಜಮಾನರ ಹತ್ರ ಹೊಗಳಿದ್ದೇ ಹೊಗಳಿದ್ದು.

ಮರುದಿನದಿಂದ ಅವರ ಸ್ಕೂಟರ್ ಫಳಫಳ ಹೊಳೀತಿತ್ತು. ಬಕೆಟಿನ ನೀರು ಹಾಳಾಗಬಾರದು ಅಂತ ದಿನಾ ಬೆಳಿಗ್ಗೆ ಸ್ಕೂಟರ್ ತೊಳೀತಿದ್ರು. ಅದಕ್ಕೆ ಮೊದಲು ಆ ಸ್ಕೂಟರ್ ನೀರು ಕಂಡಿದ್ದು ಮಳೆ ಬಂದಾಗ ಮಾತ್ರ. ಹೋಗಲಿ, ಸುಮ್ಮನೆ ಹರಿಯೋ ನೀರೇ ತಾನೇ ಅಂತ ನಾನೂ ಸುಮ್ಮನಿದ್ದೆ. ಆದರೆ ಟ್ಯಾಂಕು ಮೊದಲಿಗಿಂತ ಬೇಗ ಖಾಲಿ ಆಗ್ತಿದೆ. ತಡೀಲಾರದೆ ಕೇಳಿದೆ.

ಅವರಲ್ಲಿ ದೊಡ್ಡವಳು ಪಾಪ ಬೇಜಾರಲ್ಲೇ ಹೇಳಿದಳು. ಬಕೆಟ್ ಅರ್ಧ ಆಗೋದ್ರೊಳಗೇ ಬಿಸಿನೀರು ಬಂದ್ಬಿಡತ್ತಂತೆ. ಅರ್ಧ ಬಕೆಟ್ಟಿಗೆ ಸ್ಕೂಟರಿನ ಸೋಪು ಹೋಗಲ್ಲ. ಹಾಗಾಗಿ ಉಳಿದಿದ್ದಕ್ಕೆ ಇನ್ನೊಂದು ನಲ್ಲಿಯಿಂದ ಎರಡೇ ಎರಡು ಬಕೆಟ್ ಹಿಡೀತಾರಂತೆ.

ಮಾತಾಡೋ ಡಬ್ಬಿ

ಇಷ್ಟು ಹೊತ್ತಿಗೆ ನಮ್ಮ ಯಜಮಾನರಿಗೂ ಹುಮ್ಮಸ್ಸು ಬಂತು. ಹೆಂಗಸರ ಕೈಯಲ್ಲಿ ಇದೆಲ್ಲ ಆಗಲ್ಲ, ಟೆಕ್ನಿಕ್ ಬೇಕು ಅಂತ ಪೇಟೆಯಿಂದ ಒಂದು ಡಬ್ಬಿ ತಂದು ಗೋಡೆಗೆ ಹೊಡೆದರು. ಟ್ಯಾಂಕು ತುಂಬಿದ ಕೂಡಲೇ ಅದು ಸಂಗೀತ ಹಾಡಿ, ಹೆಂಗಸಿನ ದನಿಯಲ್ಲಿ ಟ್ಯಾಂಕು ತುಂಬಿದೆ, ಮೋಟಾರ್ ನಿಲ್ಲಿಸಿ ಅಂತ ಕೂಗ್ತದೆ. ತುಂಬಿ ಹೊರಗೆ ಚೆಲ್ಲೋ ನೀರು ಉಳಿದ್ರೆ ಅರ್ಧ ಕಷ್ಟ ತೀರಿತು ಅಂತ ಅವರ ಲೆಕ್ಕ.

ಡಬ್ಬಿ ಚೆನ್ನಾಗೇ ಕೂಗಿತು. ನಾಲ್ಕೂ ಮನೆಗೆ ಕೇಳಿಸಿತು. ಕೇಳಿಸಿದ್ದೇ ತಡ, ಒಬ್ಬರು ವಾಷಿಂಗ್ ಮೆಷಿನ್ ಹಾಕಿದರು, ಒಬ್ಬರು ತಲೆಗೆ ಎಣ್ಣೆ ಹಚ್ಕೊಂಡು ಸ್ನಾನಕ್ಕೆ ನಡೆದರು, ಒಬ್ಬರು ಬೆಡ್‌ಶೀಟ್ ನೆನೆ ಹಾಕಿದರು. ಅಲ್ಲಿವರೆಗೆ ಟ್ಯಾಂಕಿನಲ್ಲಿ ನೀರಿದೆಯೋ ಇಲ್ಲವೋ ಅಂತ ಹೆದರಿ ಕೈ ಹಿಡಿದು ಖರ್ಚು ಮಾಡ್ತಿದ್ದ ಜನ, ಈಗ ಊಟಕ್ಕೆ ಕರೆ ಬಂದ ಹಾಗೆ ಎದ್ದು ಬಂದ್ರು. ಮಧ್ಯಾಹ್ನಕ್ಕೇ ಟ್ಯಾಂಕು ಖಾಲಿ.

ನಾನು ಕೂಗಾಡೋಣ ಅಂತ ಯಜಮಾನರನ್ನ ಹುಡುಕಿದರೆ ಆಸಾಮಿ ಎಲ್ಲೂ ಇಲ್ಲ. ಡಬ್ಬಿ ಕೂಗಿದ್ದು ಕೇಳಿ ಎಲ್ಲರಿಗಿಂತ ಮೊದಲು ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡಿದ್ದು ಅವರೇ.

ಕರೆಯೋಕೆ ಹೋದವರು

ಮೆಕ್ಯಾನಿಕ್ ಭಾಯಿ ಮನೆಗೆ ಮಾತ್ರ ನಾನು ವಿಚಾರಣೆಗೆ ಹೋಗಲಿಲ್ಲ. ಮನಸ್ಸು ಬರಲಿಲ್ಲ. ಆದರೆ ಆ ಮನೆಯ ಬಚ್ಚಲಿನ ಕಡೆ ಸದ್ದೇ ಇಲ್ಲ ಅನ್ನೋದು ಕ್ರಮೇಣ ಕಿವಿಗೆ ಬಂತು. ನೀರು ಬಿಡೋ ಸದ್ದಿಲ್ಲ, ಬಟ್ಟೆ ಒಗೆಯೋ ಸದ್ದಿಲ್ಲ. ತಂತಿ ಮೇಲೆ ಬಟ್ಟೆಯೂ ಇಲ್ಲ. ಆದ್ರೆ ತಾಯಿ ಮಗಳು ಇಬ್ಬರೂ ಲಕಲಕ ಅಂತಿದ್ದಾರೆ, ಭಾಯಿಯ ಶರ್ಟಿನಲ್ಲಿ ಗ್ರೀಸಿನ ಕಲೆಯೂ ಇಲ್ಲ. ಇದೇನು ಮಾಯ ಅಂತ ನನಗೆ ಆಶ್ಚರ್ಯ.

ಆಮೇಲೆ ಜಾವಳಿಯಲ್ಲಿರೋ ಭಾಯಿಯ ಅಕ್ಕ ಪೇಟೆಯಲ್ಲಿ ಸಿಕ್ಕಾಗ ಗುಟ್ಟು ಹೊರಬಿತ್ತು. ನಮ್ಮ ಟ್ಯಾಂಕಿನ ನೀರು ಉಳೀಲಿ ಅಂತ ಇವರು ಒಂದು ಉಪಾಯ ಮಾಡಿದ್ರು. ನಿಶ್ಚಯಕ್ಕೆ ಕರೆಯೋಕೆ ಸಂಬಂಧಿಕರ ಮನೆಗಳಿಗೆ ಹೋಗ್ಬೇಕಲ್ಲ. ಎಲ್ಲ ಮನೆಗೂ ಒಂದೇ ದಿನ ಹೋಗದೆ ದಿನಕ್ಕೊಂದು ಮನೆ ಅಂತ ಹಂಚ್ಕೊಂಡರು. ಬ್ಯಾಗಿನಲ್ಲಿ ಟವೆಲು, ಸೋಪು, ಒಗೆಯೋ ಬಟ್ಟೆ. ಹೋಗಿ ಕರೆದು, ಟೀ ಕುಡಿದು, ಮೂವರೂ ಸ್ನಾನ ಮಾಡಿ, ಬಟ್ಟೆ ಒಗೆದು ಒಣಗಿಸ್ಕೊಂಡು ಬರೋದು.

ಕಾರ್ಯ ಅವರದು, ಕಷ್ಟವೂ ಅವರೇ ನುಂಗ್ತಿದ್ದಾರೆ, ನನಗೆ ಒಂದು ಮಾತು ಅನ್ನಲಿಲ್ಲ. ಇಂಥ ಜನ ಬಾಡಿಗೆಗೆ ಸಿಗೋಕೆ ನಾನು ಯಾವ ಪುಣ್ಯ ಮಾಡಿದ್ದೆನೋ ಅಂದ್ಕೊಂಡೆ. ಆದರೆ ಆ ಅಕ್ಕನ ತಕರಾರೇ ಬೇರೆ ಇತ್ತು. ತಮ್ಮ ತನ್ನನ್ನ ಈಗಾಗಲೇ ಮೂರು ಸಲ ಕರೆದು ಹೋಗಿದ್ದಾನೆ, ಅಷ್ಟು ಕರೆದ ಮೇಲೆ ತಾನು ಉಂಗುರ ಕೊಡ್ಬೇಕೋ ಸರ ಕೊಡ್ಬೇಕೋ ಅಂತ ಆಕೆಗೆ ಯೋಚನೆ ಹತ್ತಿತ್ತು.

ಬೇಲಿ ಬದಿಯ ಎಸ್ಟೇಟು

ಇಷ್ಟೆಲ್ಲ ಆದ್ರೂ ಟ್ಯಾಂಕು ಖಾಲಿ ಆಗೋದು ನಿಲ್ಲಲಿಲ್ಲ. ನಿಶ್ಚಯಕ್ಕೆ ಇನ್ನೊಂದು ವಾರ. ಒಂದು ದಿನ ಸಂತೆಗೆ ಅಂತ ಹೊರಟವಳು ಚೀಲ ಮರೆತು ಅರ್ಧ ದಾರಿಯಿಂದ ವಾಪಸ್ ಬಂದೆ. ಮನೆ ಹಿಂದೆ ಟಿಕ್ ಟಿಕ್ ಟಿಕ್, ಚುರ್ರ್ ಅಂತ ಸದ್ದು. ಕಾಫಿ ತೋಟದ ಜನಕ್ಕೆ ಆ ಸದ್ದು ಹೇಳಿಕೊಡೋದು ಬೇಡ. ಅದು ಸ್ಪ್ರಿಂಕ್ಲರ್.

ಹೋಗಿ ನೋಡ್ತೀನಿ, ನಮ್ಮ ಮಾವ. ಜೀವಮಾನ ಎಲ್ಲ ಎಸ್ಟೇಟಿನಲ್ಲಿ ರೈಟರ್ ಆಗಿ ಲೆಕ್ಕಪತ್ರ, ಆಳುಕಾಳು ನೋಡ್ಕೊಂಡು ರಿಟೈರ್ ಆದವರು. ತಲೆಗೆ ಅದೇ ಹಳೇ ಹ್ಯಾಟು, ಕೈಯಲ್ಲಿ ಕೋಲು. ಬೇಲಿ ಬದಿಯಲ್ಲಿ ನಮ್ಮ ಹತ್ತು ಹನ್ನೆರಡು ಕಾಫಿ ಗಿಡ ಇದೆ, ಮನೆ ಖರ್ಚಿನ ಪುಡಿಗೆ. ಕಾಫಿ ಮೊಗ್ಗು ಅರಳೋಕೆ ಈ ತಿಂಗಳಲ್ಲಿ ಒಂದು ಹೂಮಳೆ ಬೀಳ್ಬೇಕು, ಇಲ್ಲಾಂದ್ರೆ ಸ್ಪ್ರಿಂಕ್ಲರ್ ಹಚ್ಚಿ ನೀರು ಕೊಡ್ಬೇಕು. ಟ್ಯಾಂಕಿನಿಂದ ಇಳಿಯೋ ಪೈಪಿಗೆ ಒಂದು ಸಣ್ಣ ಸ್ಪ್ರಿಂಕ್ಲರ್ ಸಿಕ್ಕಿಸಿ, ಮಣ್ಣಿಗೆ ಬೆರಳು ಹಾಕಿ ತೇವ ಎಷ್ಟು ಇಳಿದಿದೆ ಅಂತ ನೋಡ್ತಿದ್ದಾರೆ. ನೂರಾರು ಎಕರೆಗೆ ನೀರು ಕೊಡಿಸ್ತಾ ಇದ್ದಾಗ ಹೇಗೆ ನಿಲ್ತಿದ್ರೋ ಹಾಗೇ ಗತ್ತಿನಲ್ಲಿ ನಿಂತಿದ್ದಾರೆ. ನಾನು ಮನೆಯಿಂದ ಹೊರಗೆ ಹೋದಾಗಲೆಲ್ಲ ಒಂದೊಂದು ಸಾಲಿಗೆ ಆಗಿದೆ. ಅವತ್ತು ಕೊನೇ ಸಾಲು.

"ಮೊಗ್ಗು ಕೂತಿದೆಯಲ್ಲಮ್ಮ," ಅಂದ್ರು ನನ್ನನ್ನ ಕಂಡು. "ಹೂಮಳೆ ಬರೋ ಲಕ್ಷಣ ಇಲ್ಲ. ಕಣ್ಣಾರೆ ಕಂಡು ಒಣಗೋಕೆ ಬಿಡೋದು ಹ್ಯಾಗೆ?"

ಈ ಬಾವಿ ತೋಡಿಸಿದವರೇ ಅವರು. ನಾನು ಸೊಸೆಯಾಗಿ ಬಂದಾಗ ದೂರದಿಂದ ನೀರು ಹೊರೋದು ನೋಡಲಾರದೆ, ತಮ್ಮ ರಿಟೈರ್‌ಮೆಂಟಿನ ದುಡ್ಡು ತಂದು ಮೊದಲು ಬಾವಿಗೆ ಹಾಕಿದವರು. ಬಾಯಿಗೆ ಬಂದ ಮಾತೆಲ್ಲ ವಾಪಸ್ ಹೋಯ್ತು. ಭಾನುವಾರ ಭಾಯಿ ಮಗಳ ನಿಶ್ಚಯ ಮಾವ, ಅಂಗಳದ ತುಂಬ ಜನ ಬರ್ತಾರೆ, ನೀರಿಲ್ಲ ಅಂತ ಎಲ್ಲರೂ ಒದ್ದಾಡ್ತಿದ್ದೀವಿ ಅಂತ ಮೆಲ್ಲಗೆ ಹೇಳಿದೆ. ಅವರಿಗೆ ಕಿವಿ ಸ್ವಲ್ಪ ಮಂದ. ಮನೆಯಲ್ಲಿ ನಡೀತಿದ್ದ ಗಲಾಟೆ ಒಂದೂ ತಲುಪಿರಲಿಲ್ಲ. ಆ ಹುಡುಗಿಗೆ ಅ ಆ ಇ ಈ ತಿದ್ದಿಸಿದವರು ಅವರೇ. ಕೂಡಲೇ ನಲ್ಲಿ ಮುಚ್ಚಿ, ಹ್ಯಾಟು ತೆಗೆದು, ಭಾನುವಾರದ ತನಕ ನಾನು ಸ್ನಾನ ಮಾಡಲ್ಲಮ್ಮ ಅಂದ್ರು.

ಅಷ್ಟೇ ಹೇಳಿ ಒಳಗೆ ಹೋದವರು ಬಾಗಿಲಲ್ಲಿ ನಿಂತು ತಿರುಗಿದರು. ಹೂ ಅರಳಿದ ಮೇಲೆ ಗಿಡಕ್ಕೆ ಎರಡನೇ ನೀರು ಕೊಡೋದಕ್ಕೆ ನಮ್ಮ ಕಡೆ ಬ್ಯಾಕಿಂಗ್ ಅಂತಾರೆ. "ಬ್ಯಾಕಿಂಗ್ ಕೊಡ್ಲೇಬೇಕಾಗ್ತದೆ," ಅಂದ್ರು. "ಅದು ನಿಶ್ಚಯ ಆದ ಮೇಲೆ ನೋಡುವ."

ಎಷ್ಟು ಮಳೆ ಆಯ್ತು

ಆ ಒಂದು ವಾರ ನಾಲ್ಕು ಮನೆಯೂ ಒಂದೇ ಮನೆ ಆಯ್ತು. ಮಾವನ ಸ್ಪ್ರಿಂಕ್ಲರಿನ ಸುದ್ದಿ ಎಲ್ಲರಿಗೂ ತಿಳೀತು, ಯಾರೂ ಯಾರಿಗೂ ಹೇಳದೆಯೇ ಎಲ್ಲರೂ ಕೈ ಹಿಡಿದು ನೀರು ಖರ್ಚು ಮಾಡಿದರು. ಬಾವಿಗೂ ಸ್ವಲ್ಪ ಉಸಿರಾಡೋಕೆ ಬಿಡುವು ಸಿಕ್ಕಿ ನೀರು ಮೇಲೆ ಬಂತು. ಭಾನುವಾರ ಬೆಳಿಗ್ಗೆ ಟ್ಯಾಂಕು ತುಂಬಿ ನಿಂತಾಗ ದೇವರೇ ನಿನಗೊಂದು ನಮಸ್ಕಾರ ಅಂತ ಕೈ ಮುಗಿದೆ. ಹಿಂದಿನ ಬಾಗಿಲು ತೆಗೆದರೆ ಘಮ್ ಅಂತ ವಾಸನೆ. ಬೇಲಿ ಬದಿಯ ಕಾಫಿ ಗಿಡಗಳು ಎಲೆ ಕಾಣದ ಹಾಗೆ ಬೆಳ್ಳಗೆ ಹೂ ಬಿಟ್ಟಿದ್ದವು.

ಗಂಡಿನ ಕಡೆಯವರು ಜೀಪುಗಳಲ್ಲಿ ಬಂದಿಳಿದರು. ತೋಟ ಇದ್ದವರು, ಕಾಫಿ ವ್ಯಾಪಾರದವರು. ಅಂಗಳಕ್ಕೆ ಬಂದ ಗಂಡಸರು ಒಳಗೆ ಬರದೆ ನೇರ ಬೇಲಿ ಕಡೆ ನಡೆದು ಗಿಡದ ಸುತ್ತ ನಿಂತುಬಿಟ್ಟರು. ಹುಡುಗಿಯ ತಾಯಿ ಶರಬತ್ತು ಹಿಡಿದು ನಿಂತಿದ್ದಾಳೆ. ಯಾಕಕ್ಕ ಒಳಗೆ ಬರ್ತಿಲ್ಲ, ಏನು ಸರಿ ಹೋಗಲಿಲ್ಲ ಅಂತ ನನ್ನ ಮುಖ ನೋಡ್ತಾಳೆ. ನಾನು ಹತ್ತಿರ ಹೋಗಿ ಕಿವಿಗೊಟ್ಟೆ. ಬಣಕಲ್ ಕಡೆ ಒಂದು ಹನಿ ಬಿದ್ದಿಲ್ಲ, ಇಲ್ಲಿ ಮಾತ್ರ ಯಾವಾಗ ಬಂತು ಹೂಮಳೆ ಅಂತ ಅವರಿಗೆ ಸೋಜಿಗ. ಹುಡುಗನ ಅಜ್ಜ ನಮ್ಮ ಮಾವನನ್ನೇ ಕೇಳಿದ್ರು. ಮಾವನಿಗೆ ಅವತ್ತು ಕಿವಿ ಪೂರಾ ಕೇಳಿಸಲಿಲ್ಲ. ನಕ್ಕು, ಬನ್ನಿ ಬನ್ನಿ, ಒಳಗೆ ಬನ್ನಿ ಅಂತ ಎಲ್ಲರನ್ನೂ ಕರ್ಕೊಂಡು ಬಂದ್ರು.

ನಿಶ್ಚಯ ಆಯ್ತು. ಊಟ ಆಯ್ತು. ಅಷ್ಟು ಜನ ಕೈ ತೊಳೆದ್ರೂ ನಲ್ಲಿ ಒಮ್ಮೆಯೂ ಸೊರಗಲಿಲ್ಲ. ಹುಡುಗಿ ಮಾವನ ಕಾಲಿಗೆ ನಮಸ್ಕಾರ ಮಾಡಿದಾಗ ಅವರ ಕಣ್ಣೂ ತುಂಬಿತು, ನನ್ನದೂ ತುಂಬಿತು. ಅವಳ ತಾಯಿ ಬಂದು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಳು.

ಹೊರಡೋ ಹೊತ್ತಿಗೆ ಹುಡುಗನ ಅಜ್ಜ ಜೀಪಿಗೆ ಒಂದು ಕಾಲಿಟ್ಟವರು ನಿಂತರು. ಊಟ ಆಗ್ತಿದ್ದ ಹಾಗೇ ನಾಲ್ಕಾರು ತೋಟಕ್ಕೆ ಫೋನ್ ಹಚ್ಚಿ ಕೇಳಿದ್ದರಂತೆ, ಮೂಡಿಗೆರೆ ಸುತ್ತಮುತ್ತ ಎಲ್ಲೂ ಮಳೆ ಇಲ್ಲ. ಕಾಫಿ ಬೆಳೆಯೋ ಮನುಷ್ಯ, ಇದನ್ನ ತಿಳ್ಕೊಳ್ಳದೆ ಹೋದ್ರೆ ರಾತ್ರಿ ನಿದ್ದೆ ಬರಬೇಕಲ್ಲ. ನಮ್ಮ ಕಡೆ ಮಳೆಯನ್ನ ಸೆಂಟಿನಲ್ಲಿ ಅಳೀತಾರೆ, ನೂರು ಸೆಂಟಿಗೆ ಒಂದು ಇಂಚು, ಯಾರು ಸಿಕ್ಕಿದ್ರೂ ಮೊದಲು ಕೇಳೋದು ಅದೇ. ಅವರು ಭಾಯಿಯನ್ನ ಹತ್ತಿರ ಕರೆದು, ಭುಜದ ಮೇಲೆ ಕೈಯಿಟ್ಟು ಕೇಳಿದರು. "ಈಗ ನಾವು ಬೀಗರು, ಮುಚ್ಚಿಡಬಾರದು. ನಿಮಗೆ ಎಷ್ಟು ಸೆಂಟ್ ಆಯ್ತು?"

ಭಾಯಿ ಒಮ್ಮೆ ನಮ್ಮ ಮಾವನನ್ನ ನೋಡಿದರು. ಮಾವ ಆಕಾಶ ನೋಡ್ತಿದ್ರು. ಬೀಗರಿಗೆ ಸುಳ್ಳು ಹೇಳೋ ಹಾಗಿಲ್ಲ, ಹಿರಿಯರನ್ನ ಬಿಟ್ಟುಕೊಡೋ ಹಾಗೂ ಇಲ್ಲ.

"ಸೆಂಟ್ ಲೆಕ್ಕ ಗೊತ್ತಿಲ್ಲ ಅಜ್ಜ," ಅಂದ್ರು ಭಾಯಿ, ತುಂಬ ವಿನಯದಿಂದ. "ಸುಮಾರು ಐದು ಟ್ಯಾಂಕ್ ಆಯ್ತು."