ನಾಲಿಗೆಗೊಂದು ಮಾತ್ರೆ

“ಯಾಕೋ ಸ್ವಲ್ಪ ಸುಸ್ತು” ಎಂದು ಅವನು ಹೇಳಿದ್ದು ಕಿಟಕಿಗೆ ಪರದೆ ಸಿಕ್ಕಿಸುವ ಕೆಲಸದಿಂದ ತಪ್ಪಿಸಿಕೊಳ್ಳಲು. ಬೆಳಿಗ್ಗೆ ಎದ್ದ ಕೂಡಲೇ ಸ್ಟೂಲ್ ಹತ್ತಿ ಕೈ ಮೇಲೆತ್ತಿ ನಿಲ್ಲುವುದಕ್ಕಿಂತ ಒಂದು ಸಣ್ಣ ಸುಳ್ಳು ಹೇಳುವುದು ಸುಲಭ ಎಂದು ಎಷ್ಟೋ ಗಂಡಂದಿರಿಗೆ ಅನ್ನಿಸಿದೆ. ಅವರೆಲ್ಲ ಚೆನ್ನಾಗಿಯೇ ಇದ್ದಾರೆ. ಇವನ ಗ್ರಹಚಾರ, ಆ ಮಾತು ಹೆಂಡತಿಯ ಕಿವಿಗೂ ಬಿತ್ತು, ಮಹಡಿ ಮೇಲಿನ ವ್ಯಾಯಾಮದ ಮೇಷ್ಟ್ರ ಕಿವಿಗೂ ಬಿತ್ತು.

ಅವನು ಚಹಾ ಕಂಪನಿಯ ರುಚಿಗಾರ. ಸಾಲಾಗಿಟ್ಟ ಬಿಳಿ ಬಟ್ಟಲುಗಳ ಮುಂದೆ ನಿಂತು, ಚಮಚದಲ್ಲಿ ಚಹಾ ಎತ್ತಿ, ಸುರ್ರೆಂದು ಎಳೆದು, ಬಾಯೆಲ್ಲ ಆಡಿಸಿ, ಪಕ್ಕದ ಪೀಕದಾನಿಗೆ ಉಗುಳಿ, ಇದು ಹೀಗೆ ಅದು ಹಾಗೆ ಎಂದು ಹೇಳುವುದು ಕೆಲಸ. ಬೀದಿಯವರು ಅವನನ್ನು ನಾಲಿಗೆರಾಯ ಎಂದು ಕರೆಯುತ್ತಿದ್ದರು. ಆಫೀಸಿನಲ್ಲಿ ಏನು ಕೊಟ್ಟರೂ ಉಗುಳುವ ಈ ಮನುಷ್ಯ ಹೊರಗೆ ಯಾರು ಏನು ಕೊಟ್ಟರೂ ನುಂಗುತ್ತಿದ್ದ. ಬೇಡ ಎನ್ನುವ ಶಕ್ತಿಯನ್ನೆಲ್ಲ ಸಂಬಳದ ಕೆಲಸಕ್ಕೇ ಖರ್ಚು ಮಾಡಿಕೊಂಡಿದ್ದನೋ ಏನೋ.

ಆ ನಾಲಿಗೆಯನ್ನು ಕಾಯುವ ಭಾರ ಮಾತ್ರ ಹೆಂಡತಿಯ ತಲೆ ಮೇಲಿತ್ತು. ಮದುವೆಯಾದಂದಿನಿಂದ ಆ ಮನೆಯೊಳಗೆ ಬೆಳ್ಳುಳ್ಳಿ ಕಾಲಿಟ್ಟಿಲ್ಲ, ಮೆಣಸು ಹೊಸಿಲು ದಾಟಿಲ್ಲ, ಉಪ್ಪು ಕೂಡ ಬಂದ ನೆಂಟರ ಹಾಗೆ ಸಂಕೋಚದಿಂದ ಬಂದು ಹೋಗುತ್ತಿತ್ತು. “ನಿಮ್ಮ ನಾಲಿಗೆ ದುಡಿಯುತ್ತೆ, ನನ್ನ ನಾಲಿಗೆ ಉಪವಾಸ ಬೀಳುತ್ತೆ” ಎಂದು ಅವಳು ಆಗಾಗ ಹೇಳುವುದಿತ್ತು. ಹೇಳಿ ಮತ್ತೆ ಅದೇ ಸಪ್ಪೆ ಊಟ ಬಡಿಸುತ್ತಿದ್ದಳು.

“ಸುಸ್ತಾ? ಇವತ್ತೇ ಸುಸ್ತಾ?” ಎಂದು ಪರದೆಯನ್ನು ಅಲ್ಲೇ ಬಿಟ್ಟು ಬಂದಳು. “ಆ ಕುರ್ಚಿ ಯಾರಿಗೆ ಅಂತ ತೀರ್ಮಾನ ಆಗೋ ದಿನ. ನೀವು ಹೀಗೆ ಮುಖ ಜೋಲು ಹಾಕ್ಕೊಂಡು ಹೋದ್ರೆ ಧಣಿಯ ಭಾವಮೈದ ಹಾರಿ ಕೂತ್ಕೋತಾನೆ ನೋಡಿ.”

ಕುರ್ಚಿ ಎಂದರೆ ರುಚಿ ನೋಡುವ ಕೋಣೆಯಲ್ಲಿ ಕಿಟಕಿ ಪಕ್ಕದ ಹಳೇ ಮರದ ಕುರ್ಚಿ. ಅದರಲ್ಲಿ ಕೂರುವ ಹಿರಿಯ ರುಚಿಗಾರ ಒಪ್ಪಿದರೆ ಮಾತ್ರ ಮೂಟೆಗಳ ಮೇಲೆ ಅವನ ಮುದ್ರೆ ಬೀಳುತ್ತದೆ, ಮುದ್ರೆ ಬಿದ್ದರೆ ಮಾತ್ರ ಮಾಲು ಗೋದಾಮು ಬಿಡುತ್ತದೆ. ಇವನಿಗೆ ಕೆಲಸ ಕಲಿಸಿದ ಗುರುಗಳು ಅಲ್ಲಿ ಕೂತಿದ್ದರು. ಹೋದ ವಾರ ಒಂದು ಮಧ್ಯಾಹ್ನ ಅವರು ಯಾರಿಗೂ ಏನೂ ಹೇಳದೆ ತಮ್ಮ ಚಮಚವೊಂದನ್ನು ಜೇಬಿಗಿಟ್ಟುಕೊಂಡು ಮನೆಗೆ ಹೋದವರು ಮತ್ತೆ ಬರಲಿಲ್ಲ. ವಯಸ್ಸಾಯಿತು ಎಂದರು ಧಣಿಗಳು. ವಯಸ್ಸು ಎಲ್ಲರಿಗೂ ಆಗುತ್ತದಾದ್ದರಿಂದ ಯಾರೂ ಹೆಚ್ಚು ಕೇಳಲಿಲ್ಲ.

ಹೆಂಡತಿ ತನ್ನ ತಂಗಿ ಕೊಟ್ಟಿದ್ದ ಡಬ್ಬಿ ತೆಗೆದಳು. ಒಳಗೆ ಖರ್ಜೂರದ ಬೀಜದಷ್ಟು ಉದ್ದದ ಕೆಂಪು ಮಾತ್ರೆಗಳು.

“ಎಲ್ಲಾ ವಿಟಮಿನ್ನೂ ಒಂದರಲ್ಲೇ ಇದೆಯಂತೆ.”

“ಇದರಿಂದ ಏನಾದ್ರೂ ಪ್ರಯೋಜನ ಇದ್ಯಾ? ಊಟದಲ್ಲಿ ಇರೋದು ಸಾಲದಾ?”

“ನಮ್ಮನೆ ಊಟದಲ್ಲಿ ಏನಿದೆ?” ಎಂದಳು ಹೆಂಡತಿ. “ಒಳ್ಳೇದಾಗದಿದ್ರೆ ಬಿಡಿ, ಕೆಟ್ಟದ್ದಂತೂ ಆಗಲ್ಲ. ನುಂಗಿ.”

ನುಂಗಿದ. ಬಾಗಿಲು ದಾಟುವಷ್ಟರಲ್ಲಿ ಮೆಟ್ಟಿಲ ಮೇಲೆ ಮೇಷ್ಟ್ರು ಅಡ್ಡ ನಿಂತಿದ್ದರು, ಎರಡು ಕೈಯಲ್ಲೂ ಬಾಟಲಿ. ಕೆಲಸದಿಂದ ನಿವೃತ್ತರಾದ ಮೇಲೆ ಮಕ್ಕಳನ್ನು ಓಡಿಸಲಾಗದೆ ಬೀದಿಯವರ ಆರೋಗ್ಯದ ಬೆನ್ನು ಹತ್ತಿದ್ದ ಮನುಷ್ಯ ಅವರು.

“ಸುಸ್ತು ಅಂದ್ರಂತೆ? ನನಗೆ ಮೊದಲೇ ಗೊತ್ತಿತ್ತು. ಈಗಿನ ಮಣ್ಣಲ್ಲೇ ಸತ್ವ ಇಲ್ಲ ಕಣ್ರೀ, ತರಕಾರೀಲಿ ಎಲ್ಲಿಂದ ಬರಬೇಕು? ತಗೊಳ್ಳಿ, ಇದು ಕ್ಯಾಲ್ಸಿಯಂ. ಎಲುಬು ಕಬ್ಬಿಣ ಆಗುತ್ತೆ.”

“ಮೇಷ್ಟ್ರೇ, ನಾನು ದುಡಿಯೋದು ನಾಲಿಗೇಲಿ. ಅದಕ್ಕೆ ಎಲುಬೇ ಇಲ್ಲ.”

“ಹಾಗಾದ್ರೆ ಇದು, ಮೀನೆಣ್ಣೆ. ಮಿದುಳು, ಕಣ್ಣು, ಕೀಲು, ಎಲ್ಲದಕ್ಕೂ. ನನ್ನನ್ನ ನೋಡಿ, ಈ ವಯಸ್ಸಲ್ಲಿ ಹೇಗಿದ್ದೀನಿ!”

ಅವರು ಸದಾ ಒಂದು ಮಂಡಿಗೆ ಪಟ್ಟಿ ಕಟ್ಟಿಕೊಂಡೇ ಓಡಾಡುತ್ತಿದ್ದರು. ಆದರೆ ಅದನ್ನು ಎತ್ತಿ ಆಡುವಷ್ಟು ಧೈರ್ಯ ಯಾರಿಗಿದೆ? ಅವನು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡ. ನೀರಿರಲಿಲ್ಲ. ಗಂಟಲಿಗೆ ಇಳಿಯದೆ ಅಡ್ಡ ನಿಂತದ್ದನ್ನು ಹೊರಗೆಳೆಯಲು ಹೋಗಿ ಹಲ್ಲಿಗೆ ಸಿಕ್ಕಿತು, ಒಡೆಯಿತು. ಒಂದು ಇಡೀ ಬಂದರು ಅವನ ಬಾಯೊಳಗೆ ಬಂದು ಲಂಗರು ಹಾಕಿತು. ಮೇಷ್ಟ್ರು ಎದುರಿಗೇ ನಿಂತಿದ್ದರಾದ್ದರಿಂದ ಉಗುಳುವ ಹಾಗಿಲ್ಲ, ಬಿಸಿತುಪ್ಪದ ಗತಿ. ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದ.

“ನೋಡಿ, ಆಗಲೇ ಕಣ್ಣಲ್ಲಿ ಹೊಳಪು ಬಂತು” ಎಂದರು ಮೇಷ್ಟ್ರು.

ಆಫೀಸು ಮುಟ್ಟುವವರೆಗೂ ಅವನು ತೇಗುತ್ತಲೇ ಇದ್ದ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಹೋಗಿ ಬಾಗಿಲ ಬಳಿ ನಿಂತಳು. ಕಂಪನಿಯ ಅಂಗಳದಲ್ಲಿ ಗೋದಾಮಿನ ಬಾಗಿಲು ತೆರೆದಿತ್ತು, ಒಳಗೆ ದೊಡ್ಡ ದೊಡ್ಡ ಫ್ಯಾನುಗಳು ಓಡುತ್ತಿದ್ದವು. ಎರಡು ವಾರದಿಂದ ಹಾಗೇ ಓಡುತ್ತಿದ್ದವು. ಯಾಕೆಂದು ಯಾರೂ ಕೇಳಿರಲಿಲ್ಲ, ದಾಟಿ ಹೋಗುವವರಿಗೆಲ್ಲ ತಣ್ಣಗೆ ಗಾಳಿ ಬರುತ್ತಿತ್ತು, ಸುಖವಾಗಿತ್ತು.

ಲೆಕ್ಕಪತ್ರ ನೋಡುವ ಅಕ್ಕ ಅವನನ್ನು ಕಂಡವಳೇ ಮೂಗು ಮುಚ್ಚಿದಳು. ಆಫೀಸಿಗೆಲ್ಲ ಅವಳು ಅಕ್ಕ, ಧಣಿಗಳಿಗೂ.

“ಇದೇನು ವಾಸನೆ! ಈ ಬಾಯಿ ಇಟ್ಕೊಂಡು ಕೋಣೆಗೆ ಹೋಗ್ತೀರಾ? ಬಟ್ಟಲೆಲ್ಲ ಮೀನು ಸಾರಾಗುತ್ತೆ.”

“ಏನ್ಮಾಡ್ಲಿ ಅಕ್ಕಾ? ಐದು ಸಲ ಬಾಯಿ ತೊಳೆದೆ.”

“ಬಾಯಿ ತೊಳೆದ್ರೆ ಹೋಗುತ್ತಾ? ಸುಮ್ನಿರಿ, ನನ್ನ ಹತ್ರ ಇದೆ.” ಅವಳ ಮೇಜಿನ ಡ್ರಾಯರ್ ಒಂದು ಸಣ್ಣ ಔಷಧಿ ಅಂಗಡಿ. ಅದರಿಂದ ಬಿಳಿ ಮಾತ್ರೆಗಳ ಪಟ್ಟಿ ತೆಗೆದಳು. “ಇದು ಜಿಂಕು. ನಾಲಿಗೇಲಿ ರುಚಿ ಹುಟ್ಟೋದೇ ಇದರಿಂದ, ಗೊತ್ತಾ? ನುಂಗಬೇಡಿ, ಚೀಪಿ. ಇವತ್ತು ನಿಮ್ಮ ದಿನ, ಎರಡು ಚೀಪಿ. ನೀವು ಕುರ್ಚಿಯಲ್ಲಿ ಕೂರೋದನ್ನ ನಾನು ನೋಡ್ಬೇಕು.”

ಅವಳ ಮಾತಿನಲ್ಲಿ ನಿಜವಾದ ಪ್ರೀತಿ ಇತ್ತು. ಜಗತ್ತಿನಲ್ಲಿ ಮನುಷ್ಯನನ್ನು ಕೊಲ್ಲುವುದಕ್ಕೆ ಅದಕ್ಕಿಂತ ಒಳ್ಳೆಯ ಆಯುಧ ಇನ್ನೂ ತಯಾರಾಗಿಲ್ಲ. ಅವನು ಎರಡು ಚೀಪಿದ, ಕೃತಜ್ಞತೆಗೆ ಇನ್ನೊಂದು ಚೀಪಿದ. ಉಳಿದ ಪಟ್ಟಿಯನ್ನು ಅಕ್ಕ ಅವನ ಜೇಬಿಗೇ ತುರುಕಿದಳು.

ಮೀನು ಹೋಯಿತು. ಅದರ ಹಿಂದೆಯೇ ಉಳಿದದ್ದೂ ಹೋಯಿತು. ಮೊದಲು ಬಾಯಲ್ಲಿ ತುಕ್ಕು ಹಿಡಿದ ಬೀಗದ ರುಚಿ ಬಂತು, ಆಮೇಲೆ ಅದೊಂದೇ ನಿಂತಿತು. ಅನುಮಾನ ಬಂದು ಕ್ಯಾಂಟೀನಿಗೆ ಓಡಿ ಒಂದು ಚಿಟಿಕೆ ಉಪ್ಪು ಬಾಯಿಗೆ ಹಾಕಿಕೊಂಡ. ಬೀಗ. ಸಕ್ಕರೆ ಹಾಕಿಕೊಂಡ. ಅದೂ ಬೀಗ. ನಿಂಬೆಹಣ್ಣು ಕಚ್ಚಿದ, ಬೀಗದ ಜೊತೆಗೆ ಬೀಗದ ಕೈಯೂ ಸಿಕ್ಕಿದಂತಾಯಿತು ಅಷ್ಟೆ. ಇಷ್ಟು ವರ್ಷ ಹೆಂಡತಿಗೂ ಸಪ್ಪೆ ಉಣ್ಣಿಸಿ ಕಾಪಾಡಿದ ನಾಲಿಗೆ, ಬೇಕಾದ ದಿನವೇ ಚಪ್ಪಲಿಯ ಚರ್ಮವಾಗಿ ಬಿದ್ದಿತ್ತು.

ನಿಜ ಹೇಳಿಬಿಡೋಣ, ಒಂದು ದಿನ ಮುಂದಕ್ಕೆ ಹಾಕಿ ಅಂತ ಕೇಳೋಣ ಎಂದುಕೊಂಡೇ ಅವನು ರುಚಿಯ ಕೋಣೆಗೆ ಹೋದದ್ದು. ಬಾಗಿಲಲ್ಲಿ ಭಾವಮೈದ ಎದುರಾದ. ಅವನ ಸರದಿ ಮುಗಿದಿತ್ತು. ಮುಖ ಕಪ್ಪಿಟ್ಟಿತ್ತು. ಒಳಗಿನಿಂದ ಧಣಿಗಳು ಕೂಗುತ್ತಿದ್ದರು: “ತಲೆಯಲ್ಲಿ ಬುದ್ಧಿ ಇಲ್ಲದವನಿಗೆ ಬಾಯಲ್ಲಿ ನಾಲಿಗೆ ಯಾಕೋ?”

ಭಾವಮೈದ ಸೋತಿದ್ದಾನೆ! ಇನ್ನು ಉಳಿದವನು ತಾನೊಬ್ಬನೇ. ಆ ಯೋಚನೆ ಬಂದದ್ದೇ ತಡ, ನಿಜ ಹೇಳುವ ನಿರ್ಧಾರ ಹಿಂದಿನ ಬಾಗಿಲಿಂದ ಹೊರಟುಹೋಯಿತು.

“ಬನ್ನಿ, ಬನ್ನಿ” ಎಂದರು ಧಣಿಗಳು. ಮೇಜಿನ ಮೇಲೆ ಬಟ್ಟಲುಗಳ ಸಾಲು ಹಬೆಯಾಡುತ್ತಿತ್ತು. “ಗೋದಾಮು ತುಂಬ ಇದೇ ಮಾಲು. ನಿಮ್ಮ ಅಭಿಪ್ರಾಯ ಬೇಕು. ಯೋಚನೆ ಮಾಡಿ ಹೇಳಿ.”

ಅವನು ಚಮಚ ಎತ್ತಿದ. ಸುರ್ರೆಂದು ಎಳೆದ. ಬೀಗ. ಬಾಯಾಡಿಸಿದ, ಕಣ್ಣು ಮುಚ್ಚಿದ, ಉಗುಳಿದ. ಇನ್ನೊಂದು ಬಟ್ಟಲು. ಅದೂ ಬೀಗ. ಧಣಿಗಳು ಅವನ ಮುಖವನ್ನೇ ನೋಡುತ್ತಿದ್ದರು, ತೀರ್ಪಿಗೆ ಕಾದ ಆರೋಪಿಯ ಹಾಗೆ. ಅದನ್ನು ಅವನು ಗಮನಿಸಿದ್ದರೆ ಚೆನ್ನಾಗಿತ್ತು. ಗುರುಗಳು ಕಲಿಸಿದ್ದ ಮಾತುಗಳು ಮಾತ್ರ ಬಾಯಲ್ಲಿ ಉಳಿದಿದ್ದವು, ಅವನ್ನೇ ಸಾಲಾಗಿ ಉದುರಿಸಿದ.

“ಮೈತುಂಬಿದೆ. ಒಳ್ಳೇ ಹುರುಪಿದೆ. ಕೊನೇಲಿ ಹದವಾದ ಒಗರು. ಒಂದು ಕುಂದೂ ಕಾಣಿಸ್ತಿಲ್ಲ.”

“ಒಂದೂ ಇಲ್ವಾ? ಸರಿಯಾಗಿ ನೋಡಿದ್ರಾ?”

“ನನ್ನ ನಾಲಿಗೆ ಮೇಲಾಣೆ” ಎಂದ. ಸತ್ತವರ ಮೇಲೆ ಆಣೆ ಇಟ್ಟರೆ ನಷ್ಟವೇನು?

ಧಣಿಗಳು ಎದ್ದು ಬಂದು ಅವನನ್ನು ತಬ್ಬಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. “ನಿಮ್ಮಂಥ ತಿಳುವಳಿಕಸ್ಥರು ಮೊದಲೇ ಆ ಕುರ್ಚಿಯಲ್ಲಿ ಕೂರಬೇಕಿತ್ತು” ಎಂದು ತಾವೇ ಕೈ ಹಿಡಿದು ಕೂರಿಸಿದರು. ಅಕ್ಕ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಮಧ್ಯಾಹ್ನದೊಳಗೆ ಮೂಟೆಗಳ ಮೇಲೆಲ್ಲ ಅವನ ಮುದ್ರೆ ಬಿತ್ತು, ಲಾರಿಗಳು ಬಂದವು, ಹೋದವು. ಗೋದಾಮಿನ ಫ್ಯಾನುಗಳು ನಿಂತವು. ಯಾಕೆಂದು ಆಗಲೂ ಯಾರೂ ಕೇಳಲಿಲ್ಲ, ಸೆಕೆ ಎಂದು ಮಾತ್ರ ಗೊಣಗಿದರು.

ಸಂಜೆ ಗೇಟಿನ ಹತ್ತಿರ ಭಾವಮೈದ ಕಾದಿದ್ದ. “ಜಾಣರು ಸಾರ್ ನೀವು. ನಾನು ದಡ್ಡ, ಅನ್ನಿಸಿದ್ದನ್ನ ಅಂದ್ಬಿಟ್ಟೆ. ನಿಮ್ಮನ್ನ ನೋಡಿ ಕಲೀಬೇಕು” ಎಂದ. ಪಾಪ, ಹೊಟ್ಟೆಕಿಚ್ಚು ಎಂದುಕೊಂಡು ನಾಲಿಗೆರಾಯ ಅವನ ಬೆನ್ನು ತಟ್ಟಿ ಬಸ್ಸು ಹತ್ತಿದ. ಧಣಿಗಳು ಪ್ರೀತಿಯಿಂದ ಕೊಟ್ಟ ಅದೇ ಮಾಲಿನ ಪೊಟ್ಟಣ ಅವನ ತೊಡೆ ಮೇಲಿತ್ತು.

ಮನೆಯಲ್ಲಿ ಮೇಷ್ಟ್ರು ಆಗಲೇ ಬಂದು ಕೂತಿದ್ದರು. ಸುದ್ದಿ ಕೇಳಿ, “ಮೀನೆಣ್ಣೆ!” ಎಂದು ತೊಡೆ ತಟ್ಟಿದರು. “ನಮ್ಮ ಕೆಂಪು ಮಾತ್ರೆ” ಎಂದಳು ಹೆಂಡತಿ ಒಳಗಿನಿಂದ. ಅವಳು ಎಂದೂ ಇಲ್ಲದ ಹಾಗೆ ಗುನುಗಿಕೊಂಡು ಚಹಾ ಮಾಡುತ್ತಿದ್ದಳು. ಪರದೆಯನ್ನೂ ತಾನೇ ಸಿಕ್ಕಿಸಿದ್ದಳು. ಅವನಿಗೂ ಸುಖವಾಗಿತ್ತು. ಬಾಯೊಳಗಿನ ಬೀಗ ಸಡಿಲವಾಗುತ್ತಾ ಬಂದಿತ್ತು, ತುಟಿ ನೆಕ್ಕಿಕೊಂಡರೆ ಬೆವರಿನ ಉಪ್ಪು ತಿಳಿಯುತ್ತಿತ್ತು.

ಲೋಟ ತುಟಿಗಿಟ್ಟು ಅಭ್ಯಾಸದಂತೆ ಸುರ್ರೆಂದು ಎಳೆದ.

ಮುಗ್ಗಲು. ಒದ್ದೆ ಗೋಣಿ, ಕೊಳೆತ ಎಲೆ, ಅದನ್ನು ಮುಚ್ಚಲು ಮತ್ತೆ ಹುರಿದ ಸುಟ್ಟ ವಾಸನೆ. ಎಲ್ಲಾ ಒಟ್ಟಿಗೆ ನಾಲಿಗೆ ಮೇಲೆ ಬಂದು ನಿಂತವು. ಕೆಲಸಕ್ಕೆ ಸೇರಿದ ಮೊದಲ ವಾರದ ಹುಡುಗನೂ ಹಿಡಿಯಬಲ್ಲ ದೋಷ, ನೀರು ಬಿದ್ದ ಮಾಲು. ಅವನಿಗೆ ಫ್ಯಾನುಗಳು ನೆನಪಾದವು, ಭಾವಮೈದ ನೆನಪಾದ. ಜೇಬಿಗೆ ಚಮಚ ಇಟ್ಟುಕೊಂಡು ಮೆಟ್ಟಿಲಿಳಿದ ಗುರುಗಳ ಬೆನ್ನು ನೆನಪಾಯಿತು. ಅವರಿಗೆ ಆದದ್ದು ವಯಸ್ಸಲ್ಲ.

ಬಾಯಿ ತುಂಬ ಚಹಾ ಇಟ್ಟುಕೊಂಡು ಅವನು ಹೆಂಡತಿಯನ್ನು ನೋಡಿದ.

“ಎಷ್ಟು ಚೆನ್ನಾಗಿದೆ ಅಲ್ವಾ!” ಎಂದಳು ಅವಳು, ಎರಡನೇ ಗುಟುಕು ಕುಡಿಯುತ್ತಾ. “ನೀವೇ ಒಪ್ಪಿದ್ದು ಅಂದ್ಮೇಲೆ ಕೇಳ್ಬೇಕಾ.”

“ಅಮೃತ” ಎಂದರು ಮೇಷ್ಟ್ರು. “ನಾಳೆಯೂ ಹೊಸ ಮಾಲು ಬರುತ್ತಂತಲ್ಲ? ನಾಳೆಯೂ ನಿಮ್ಮದೇ ಮುದ್ರೆ!”

ಬರುತ್ತದೆ. ನಾಳೆಯೂ, ನಾಳಿದ್ದೂ. ಈ ನಾಲಿಗೆ ಇಟ್ಟುಕೊಂಡು ಆ ಕುರ್ಚಿಯಲ್ಲಿ ಒಂದು ದಿನವೂ ಕೂರಲಾಗುವುದಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಬಚ್ಚಲ ಕಡೆ ಒಮ್ಮೆ ನೋಡಿದ. ಆಮೇಲೆ ಬಾಯಲ್ಲಿದ್ದದ್ದನ್ನು ನುಂಗಿದ. ಕೆಟ್ಟ ಚಹಾವೆಂದು ಗೊತ್ತಾದ ಮೇಲೂ ಉಗುಳದೆ ಅವನು ನುಂಗಿದ್ದು ಅದೇ ಮೊದಲ ಸಲ.

ಜೇಬಿಗೆ ಕೈಹಾಕಿ ಅಕ್ಕ ಕೊಟ್ಟ ಪಟ್ಟಿ ತೆಗೆದು ಒಂದು ಬಿಳಿ ಮಾತ್ರೆ ಬಾಯಿಗೆ ಹಾಕಿಕೊಂಡ.

“ನೋಡಿದ್ರಾ!” ಮೇಷ್ಟ್ರು ಹಿಗ್ಗಿದರು. “ಬೆಳಿಗ್ಗೆ ಬೇಡ ಬೇಡ ಅಂತಿದ್ದವರು! ಈಗ ಹೇಳಿ, ಇದರಿಂದ ಪ್ರಯೋಜನ ಇದ್ಯೋ ಇಲ್ವೋ?”

“ಇದೆ” ಎಂದ ನಾಲಿಗೆರಾಯ. ಮಾತ್ರೆಯನ್ನು ಈ ದವಡೆಯಿಂದ ಆ ದವಡೆಗೆ ತಳ್ಳಿಕೊಂಡು ಹೆಂಡತಿಯ ಕಡೆ ತಿರುಗಿದ. “ನಾಳೆಯಿಂದ ಅಡುಗೆಗೆ ಬೆಳ್ಳುಳ್ಳಿ ಹಾಕು. ಮೆಣಸೂ ಹಾಕು, ನಿನಗೆ ಬೇಕಾದಷ್ಟು.”

“ನಿಜವಾಗ್ಲೂ?” ಎಂದು ಅವಳು ಲೋಟ ಕೆಳಗಿಟ್ಟು ನಕ್ಕಳು. ಅಷ್ಟು ಖುಷಿಯಾಗಿ ಅವಳು ನಕ್ಕು ಎಷ್ಟೋ ವರ್ಷವಾಗಿತ್ತು.