ಕಿರುಚುವ ಬ್ರೇಕಿಗೆ ನಾನು ಕೊಟ್ಟ ಮದ್ದು

ಇನ್ನು ಮುಂದೆ ನಮ್ಮ ಮನೆಯ ಗಾಡಿಯನ್ನು ನನ್ನ ಕೈಯಾರೆ ತೊಳೆದು, ಒರೆಸಿ, ಸರ್ವಿಸ್ ಮಾಡಿ, ಹೆತ್ತ ಮಗುವಿನ ಹಾಗೆ ನೋಡಿಕೊಳ್ಳುತ್ತೇನೆ ಎಂದು ನಾನು ಘೋಷಿಸಿದ್ದು ಒಂದು ಶುಕ್ರವಾರ ಸಂಜೆ. ಆ ವಾರ ಗುರುವಾರದಿಂದ ನೇರ ಸೋಮವಾರಕ್ಕೆ ಜಿಗಿದುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

ತಪ್ಪು ನನ್ನೊಬ್ಬನದೇ ಅಲ್ಲ, ಚಪ್ಪಾಳೆಯದೂ ಇದೆ. ನಾನು ಬಣ್ಣದ ಡಬ್ಬಗಳ ಗೋದಾಮಿನಲ್ಲಿ ಸ್ಟೋರ್ ಕೀಪರ್. ಆ ವಾರ ನಮ್ಮಲ್ಲಿ ಸುರಕ್ಷತಾ ಸಪ್ತಾಹ. ಭಾಷಣ ಮಾಡಬೇಕಿದ್ದ ಅಧಿಕಾರಿಯ ಗಂಟಲು ಕಟ್ಟಿ, ಮೈಕು ನನ್ನ ಕೈಗೆ ಬಂತು. "ವಾಹನ ನಿಮ್ಮದು, ಪ್ರಾಣವೂ ನಿಮ್ಮದು! ಎರಡನ್ನೂ ಇನ್ನೊಬ್ಬರ ಕೈಗೆ ಒಪ್ಪಿಸಬೇಡಿ!" ಎಂದು ಗುಡುಗಿದೆ. ಲೋಡಿಂಗ್‌ನವರು ಶಿಳ್ಳೆ ಹೊಡೆದರು. ಮ್ಯಾನೇಜರು ಬೆನ್ನು ತಟ್ಟಿದರು. ಸ್ಕ್ರೂಡ್ರೈವರನ್ನು ಯಾವ ತುದಿಯಲ್ಲಿ ಹಿಡಿಯಬೇಕು ಎನ್ನುವುದಷ್ಟೇ ಗೊತ್ತಿದ್ದ ನನಗೆ ಅವತ್ತು ಎರಡು ಕೊಂಬು ಮೂಡಿದವು.

ಗಾಡಿ ಅಂದರೆ ಸ್ಕೂಟರು. ಅದೂ ನನ್ನದಲ್ಲ, ನನ್ನ ಹೆಂಡತಿಯದು. ಅವಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಟೆಕ್ನೀಷಿಯನ್. ನಲವತ್ತನಾಲ್ಕನೇ ವಯಸ್ಸಿನಲ್ಲಿ ಹಟ ಹಿಡಿದು, ಎಂಟು ತಿಂಗಳು ಖಾಲಿ ಮೈದಾನದಲ್ಲಿ ಬಿದ್ದೆದ್ದು, ಗಾಡಿ ಓಡಿಸುವುದನ್ನು ಕಲಿತವಳು. ಲೈಸೆನ್ಸು ಬಂದು ಇನ್ನೂ ತಿಂಗಳಾಗಿರಲಿಲ್ಲ. ಅಷ್ಟರಲ್ಲಿ ಲ್ಯಾಬಿನವರು, "ಬೆಳಗಿನ ಪಾಳಿಯ ಮೇಲ್ವಿಚಾರಕಿ ಆಗ್ತೀರಾ?" ಎಂದು ಕೇಳಿದ್ದರು. ಇಪ್ಪತ್ತು ವರ್ಷ ಕಾದಿದ್ದ ಹುದ್ದೆ! ಆದರೆ ಬೆಳಿಗ್ಗೆ ಆರಕ್ಕೆ ಲ್ಯಾಬಿನ ಬಾಗಿಲು ತೆಗೆಯಬೇಕು, ನಮ್ಮ ಕಡೆ ಮೊದಲ ಬಸ್ಸು ಬರುವುದೇ ಏಳಕ್ಕೆ. ಸ್ಕೂಟರಿದ್ದರೆ ಹುದ್ದೆ, ಇಲ್ಲದಿದ್ದರೆ ಇಲ್ಲ. ಬುಧವಾರದೊಳಗೆ ಉತ್ತರ ಹೇಳಬೇಕಿತ್ತು.

"ನಾಳೆ ನಿನ್ನ ಗಾಡಿ ಸರ್ವಿಸ್ ನಾನೇ ಮಾಡ್ತೀನಿ!" ಎಂದೆ.

"ರೀ, ಹೋದ ವಾರ ಅಡುಗೆಮನೆ ನಲ್ಲಿ ಸರಿ ಮಾಡಿದ್ರಿ. ಈಗ್ಲೂ ಅಡುಗೆಮನೆಗೆ ಹೋಗ್ಬೇಕಾದ್ರೆ ಪ್ಯಾಂಟ್ ಮಡಚ್ಕೋಬೇಕು."

"ನಲ್ಲಿ ಬೇರೆ, ಗಾಡಿ ಬೇರೆ ಕಣೇ."

"ಹೌದು. ನಲ್ಲಿಗೆ ಚಕ್ರ ಇಲ್ಲ. ಅದಕ್ಕೇ ಬದುಕಿದ್ದೀವಿ. ನೋಡಿ, ತೊಳೀರಿ, ಒರೆಸಿ, ಅಷ್ಟೇ. ಬಿಚ್ಚೋದು ತಿರುಗ್ಸೋದು ಏನೂ ಬೇಡ. ಬ್ರೇಕ್ ಹಿಡಿದ್ರೆ ಕೀಂಯ್ ಅನ್ನತ್ತೆ, ಅದನ್ನ ಸೋಮವಾರ ಮೆಕ್ಯಾನಿಕ್‌ಗೆ ತೋರಿಸ್ತೀನಿ. ನೀವು ಮುಟ್ಟಬೇಡಿ."

ಮುಟ್ಟಬೇಡಿ ಅಂದಳು. ಸ್ಪಷ್ಟವಾಗಿ ಅಂದಳು. ಇದನ್ನು ನಾನು ಯಾವ ನ್ಯಾಯಾಲಯದಲ್ಲಿ ಬೇಕಾದರೂ ಒಪ್ಪಿಕೊಳ್ಳುತ್ತೇನೆ.

ಶನಿವಾರ ಅವಳು ಗಾಡಿ ಬಿಟ್ಟು ಬಸ್ಸಿನಲ್ಲಿ ಕೆಲಸಕ್ಕೆ ಹೋದಳು. ನಾನು ಹಳೆಯ ಬನಿಯನ್ ತೊಟ್ಟು, ಎರಡು ಬಕೆಟ್ಟು ನೀರು, ಪಾತ್ರೆ ತೊಳೆಯುವ ಸೋಪು, ನಾಲ್ಕು ಬಟ್ಟೆ, ಒಂದು ಡಬ್ಬಿ ಕಿವಿಕಡ್ಡಿಯೊಂದಿಗೆ ರಣರಂಗಕ್ಕಿಳಿದೆ. ಮೂರು ಗಂಟೆ ಉಜ್ಜಿದೆ. ಸ್ಕೂಟರಿನ ಯಾವ ಸಂದಿಯಲ್ಲಿ ಎಷ್ಟು ಧೂಳಿತ್ತೆಂದು ಇವತ್ತಿಗೂ ಹೇಳಬಲ್ಲೆ. ನೊರೆ ಗೇಟು ದಾಟಿ ರಸ್ತೆಗಿಳಿದು ನಾಲ್ಕು ಮನೆಯಾಚೆ ಹರಿಯಿತು. ಸ್ಕೂಟರು ಫಳಫಳ ಹೊಳೆಯಿತು. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಆದರ್ಶ ಗಂಡ.

ನಿಲ್ಲಿಸಲಿಲ್ಲ. ಗಾಡಿಯನ್ನು ನೆರಳಿಗೆ ತಳ್ಳುವಾಗ ಬಲಗೈ ಬ್ರೇಕು ಹಿಡಿದೆ. ಕೀಂಯ್! ಇಷ್ಟು ಚೆಂದದ ಗಾಡಿಗೆ ಇಂಥ ಕಂಠವೇ? ಬಾಗಿಲು ಕಿರುಗುಟ್ಟಿದರೆ ಏನು ಹಾಕುತ್ತೇವೆ? ಎಣ್ಣೆ! ಹೊಲಿಗೆ ಯಂತ್ರ ಕಿರುಗುಟ್ಟಿದರೆ? ಎಣ್ಣೆ! ಹಾಗಾದರೆ ಈ ಬ್ರೇಕು ಯಾವ ಊರ ದೊಡ್ಡ ಮನುಷ್ಯ? ನೆಟ್ಟಗೆ ಹೋಗಿ ರಸ್ತೆಯ ತಿರುವಿನಲ್ಲಿರುವ ಟೈಲರಮ್ಮನ ಅಂಗಡಿಯಿಂದ ಹೊಲಿಗೆ ಯಂತ್ರದ ಎಣ್ಣೆಯ ಪುಟ್ಟ ಬುಡ್ಡಿ ಇಸಿದುಕೊಂಡು ಬಂದೆ. ಮುಂದಿನ ಚಕ್ರದ ಪಕ್ಕದಲ್ಲಿ ತಟ್ಟೆಯ ಹಾಗಿರುವ ಉಕ್ಕಿನ ಬಿಲ್ಲೆಗೆ, ಅದನ್ನು ಕಚ್ಚಿ ಹಿಡಿಯುವ ಭಾಗಕ್ಕೆ, ಧಾರಾಳವಾಗಿ ಎರೆದೆ. ಮತ್ತೆ ಬ್ರೇಕು ಹಿಡಿದೆ. ನಿಶ್ಶಬ್ದ! ಕಿರುಚಾಟ ಮಾಯ!

ಎಡಗೈ ಬ್ರೇಕು ತುಸು ಬಿಗಿ ಅನ್ನಿಸಿತು. ಪಾಪ, ಅವಳ ಬೆರಳು ನೋಯುತ್ತದಲ್ಲ! ಹಿಂದಿನ ಚಕ್ರದ ಹತ್ತಿರ ಬ್ರೇಕಿನ ತಂತಿಯ ತುದಿಯಲ್ಲಿ ಒಂದು ನಟ್ಟು ಕಾಣಿಸಿತು. ಅದನ್ನು ಸಡಿಲಿಸಿದೆ, ಇನ್ನಷ್ಟು ಸಡಿಲಿಸಿದೆ. ಹಿಡಿ ಹೂವಿನಷ್ಟು ಹಗುರವಾಯಿತು. ಪ್ರೀತಿಯಿಂದ ಮಾಡಿದ್ದು ಸ್ವಾಮಿ, ಆಣೆಗೂ ಪ್ರೀತಿಯಿಂದ! ಬ್ರೇಕಿನ ಕೆಲಸವೇ ಉಜ್ಜಿ ಹಿಡಿಯುವುದು, ಎಣ್ಣೆಯ ಕೆಲಸವೇ ಉಜ್ಜದಂತೆ ತಡೆಯುವುದು ಎಂಬ ಸರಳ ಸತ್ಯ, ಸುರಕ್ಷತೆಯ ಬಗ್ಗೆ ಇಪ್ಪತ್ತು ನಿಮಿಷ ಭಾಷಣ ಮಾಡಿದ ಈ ತಲೆಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಗಾಡಿ ನೋಡಿ, "ಅಯ್ಯೋ, ಶೋರೂಮಿಂದ ಈಗ ತಂದ ಹಾಗಿದೆ ರೀ!" ಎಂದು ನಕ್ಕಳು. ಆ ನಗು ನೆನೆದರೆ ಈಗಲೂ ಎದೆ ಚುರ್ ಅನ್ನುತ್ತದೆ. ಬ್ರೇಕಿನ ವಿಷಯ ನಾನು ಬಾಯಿ ಬಿಡಲಿಲ್ಲ. ಮುಟ್ಟಬೇಡಿ ಅಂದಿದ್ದಳಲ್ಲ! ಶಬ್ದ ಹೋಗಿದ್ದು ಅವಳಿಗೇ ಗೊತ್ತಾಗಲಿ, ಆಮೇಲೆ ಬಿರುದು ಸ್ವೀಕರಿಸೋಣ ಎಂದು ಗೇಟಿಗೊರಗಿ ನಿಂತೆ.

ನಮ್ಮ ರಸ್ತೆ ಇಳಿಜಾರು. ಇಳಿಜಾರಿನ ಕೊನೆಗೆ ಟೈಲರಮ್ಮನ ಅಂಗಡಿ. ಅಂಗಡಿಯ ಮುಂದೆ ಕಪ್ಪು ಕೋಟು ತೊಟ್ಟ ಆಳೆತ್ತರದ ಬೊಂಬೆ. ಹೆಂಡತಿ ಹೆಲ್ಮೆಟ್ಟು ಹಾಕಿ ಹೊರಟಳು. ಎರಡು ಮನೆ ದಾಟಿರಬಹುದು.

"ರೀ! ನಿಲ್ತಾ ಇಲ್ಲ!"

"ಬ್ರೇಕ್ ಹಿಡಿಯೇ!"

"ಹಿಡಿದಿದ್ದೀನಿ!"

"ಗಟ್ಟಿಯಾಗಿ ಹಿಡಿ!"

"ಎರಡೂ ಹಿಡಿದಿದ್ದೀನಿ ರೀ!"

ಧಡಾರ್! ಕೋಟು, ಬೊಂಬೆ, ಬಟ್ಟೆಯ ಗಂಟುಗಳು ಎಲ್ಲವೂ ಒಟ್ಟಿಗೆ ಮೇಲೆದ್ದವು. ಮರುಗಳಿಗೆ ಒಂದು ತಲೆ ರಸ್ತೆಯ ಮೇಲೆ ಉರುಳುರುಳಿ ಚರಂಡಿಯತ್ತ ಹೊರಟಿತು. ನನ್ನ ಜೀವ ಬಾಯಿಗೆ ಬಂತು. ತಲೆ ಚರಂಡಿಯ ಅಂಚಿಗೆ ನಿಂತು ನನ್ನತ್ತ ತಿರುಗಿತು. ಬೊಂಬೆಯ ತಲೆ! ನಗುತ್ತಿತ್ತು! ಬಟ್ಟೆಯ ರಾಶಿಯೊಳಗಿಂದ, "ಅಮ್ಮಾ..." ಎಂಬ ಹೆಂಡತಿಯ ದನಿ ಕೇಳಿದ್ದೇ ಓಡಿಹೋಗಿ ಅವಳನ್ನು ಎಬ್ಬಿಸಿ ಕೂರಿಸಿದೆ. ಅವಳ ಮೊಣಕೈ ತರಚಿತ್ತು, ಮಂಡಿ ಊದಿತ್ತು. ಅಷ್ಟಕ್ಕೇ ಮುಗಿದದ್ದು ನನ್ನ ಪುಣ್ಯವಲ್ಲ, ಬಟ್ಟೆಯ ಗಂಟುಗಳ ಪುಣ್ಯ.

"ನಾನು ಬ್ರೇಕ್ ಹಿಡಿದಿದ್ದೆ ರೀ," ಎಂದಳು. ಆಗ ನನ್ನ ತಲೆಯೊಳಗೆ ಎಣ್ಣೆಬುಡ್ಡಿ ಬಗ್ಗಿತು, ನಟ್ಟು ಸುತ್ತಿತು, ಎಲ್ಲ ಅರ್ಥವಾಯಿತು. ಹೇಳಬೇಕಿತ್ತು. ಆ ಕ್ಷಣವೇ ಹೇಳಬೇಕಿತ್ತು. ಮಾತು ನಾಲಗೆಯ ತುದಿಗೂ ಬಂದಿತ್ತು. ಆದರೆ ಸುತ್ತ ಹತ್ತು ಜನ ಸೇರಿದ್ದರು, ಹತ್ತೂ ಜನ ನನ್ನನ್ನೇ ನೋಡುತ್ತಿದ್ದರು.

"ಗಾಬರಿಯಲ್ಲಿ ಬ್ರೇಕ್ ಅಂದ್ಕೊಂಡು ಎಕ್ಸಿಲರೇಟರ್ ತಿರುಗಿಸಿರ್ತೀಯ. ಹೊಸಬರಿಗೆ ಆಗತ್ತೆ ಬಿಡು," ಎಂದೆ.

ಎಂದೆ! ಇದೇ ಬಾಯಲ್ಲಿ! ಅವಳು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಹಾಗೇ ಇರ್ಬೇಕು," ಎಂದಳು.

ಅಲ್ಲಿಗೂ ನನ್ನ ಪಾಪದ ಕೊಡ ತುಂಬಲಿಲ್ಲ. ಅವಳ ಮಂಡಿಗೆ ಮುಲಾಮು ಹಚ್ಚುತ್ತಾ, ಬ್ರೇಕು ಹೇಗೆ ಹಿಡಿಯಬೇಕು, ಬೆರಳು ಎಲ್ಲಿರಬೇಕು, ಮನಸ್ಸು ಹೇಗೆ ಶಾಂತವಾಗಿರಬೇಕು ಎಂದು ಪಾಠ ಹೇಳಿದೆ. ಅವಳು ಶಾಲೆಯ ಮಗುವಿನ ಹಾಗೆ ತಲೆಯಾಡಿಸಿದಳು. ಆಮೇಲೆ ಎದ್ದು ಗಾಡಿಯ ಕೀ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ಇನ್ನು ನಾನದನ್ನ ಮುಟ್ಟಲ್ಲ. ಯಾರಿಗಾದ್ರೂ ಮಾರಿಬಿಡೋಣ."

ಸೋಮವಾರ ಗೋದಾಮಿಗೆ ಹೋದರೆ ನನ್ನ ಭಾಷಣದ ಸಾಲನ್ನು ಕೆಂಪು ಅಕ್ಷರದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ನಾನು ಹಿಂಬಾಗಿಲಿನಿಂದ ಒಳಗೆ ಹೋದೆ. ದಿನವಿಡೀ ನುಂಗಲೂ ಆಗದೆ, ಉಗುಳಲೂ ಆಗದೆ ಒದ್ದಾಡಿದೆ. ಸಂಜೆ ಚಹಾದ ಲೋಟ ಹಿಡಿದು ಧೈರ್ಯ ಮಾಡಿದೆ.

"ನಿಂಗೊಂದು ವಿಷಯ ಹೇಳ್ಬೇಕು ಕಣೇ."

"ನಂಗೂ ಹೇಳ್ಬೇಕು. ಆ ಮೇಲ್ವಿಚಾರಕಿ ಕೆಲಸ ಬೇಡ ಅಂತ ಪತ್ರ ಬರೆದಿಟ್ಟಿದ್ದೀನಿ. ಬುಧವಾರ ಕೊಡ್ತೀನಿ. ನನ್ನ ಕೈಯೇ ನನ್ನ ಮಾತು ಕೇಳಲ್ಲ ಅಂದ್ಮೇಲೆ ಇನ್ನು ಹತ್ತು ಜನರನ್ನ ಹೇಗೆ ನೋಡ್ಕೊಳ್ಳಲಿ?" ಮುಖ ಪಕ್ಕಕ್ಕೆ ತಿರುಗಿಸಿದಳು. "ಇರ್ಲಿ, ನಿಮ್ದೇನು ವಿಷಯ?"

"ಚಹಾ ಚೆನ್ನಾಗಿದೆ," ಎಂದೆ.

ಹೇಡಿಗಳಿಗೆ ಒಂದು ಸಂಘವಿದ್ದಿದ್ದರೆ ಆ ಸಂಜೆಯೇ ನನ್ನನ್ನು ಅವಿರೋಧವಾಗಿ ಅಧ್ಯಕ್ಷನನ್ನಾಗಿ ಆರಿಸುತ್ತಿದ್ದರು. ಇಪ್ಪತ್ತು ವರ್ಷ ಕಾದು ಸಿಕ್ಕಿದ್ದನ್ನು ಅವಳು ಕೈಬಿಡುತ್ತಿದ್ದಾಳೆ, ನಾನು ಚಹಾ ಹೊಗಳುತ್ತಿದ್ದೇನೆ! ನಾಳೆ ಹೇಳುತ್ತೇನೆ, ಖಂಡಿತ ನಾಳೆ ಎಂದುಕೊಂಡೆ.

ಮಂಗಳವಾರ ಸಂಜೆ ಬಚ್ಚಲಲ್ಲಿ ಗಡ್ಡಕ್ಕೆ ಸೋಪು ಹಚ್ಚಿ, ಕನ್ನಡಿಯ ಮುಂದೆ ತಪ್ಪೊಪ್ಪಿಗೆಯ ಮೊದಲ ವಾಕ್ಯ ಅಭ್ಯಾಸ ಮಾಡುತ್ತಿದ್ದೆ. ಹೊರಗೆ ಟೈಲರಮ್ಮನ ದನಿ ಕೇಳಿಸಿತು. "ಅಕ್ಕಾ, ಗಾಡಿ ಮಾರ್ತೀರಂತೆ? ನಂಗೇ ಕೊಟ್ಬಿಡಿ. ಒಂದು ರೌಂಡ್ ಓಡಿಸಿ ನೋಡ್ಲಾ?" ಬೀರುವಿನ ಬಾಗಿಲು ತೆರೆದ ಸದ್ದು. ಕೀಗೊಂಚಲಿನ ಸದ್ದು. ಆಮೇಲೆ ಎಂಜಿನ್ನಿನ ಸದ್ದು!

ಅರ್ಧ ಮುಖದ ಸೋಪಿನೊಂದಿಗೆ, ಸೊಂಟದ ಟವೆಲ್ಲು ಒಂದು ಕೈಯಲ್ಲಿ ಹಿಡಿದು ಓಡಿದೆ. ಟೈಲರಮ್ಮ ಆಗಲೇ ಗೇಟಿನತ್ತ ಬರುತ್ತಿದ್ದಳು. ಗೇಟಿನಾಚೆ ಅದೇ ಇಳಿಜಾರು. ನಾನು ಗೇಟಿನ ನಡುವೆ ಕೈ ಚಾಚಿ ನಿಂತೆ.

"ನಿಲ್ಸಿ! ಬ್ರೇಕಿಲ್ಲ! ಬ್ರೇಕಿಗೆ ಎಣ್ಣೆ ಹಾಕಿದ್ದು ನಾನು! ಹಿಂದಿನ ನಟ್ ಸಡಿಲ ಮಾಡಿದ್ದೂ ನಾನೇ!"

ಇಡೀ ರಸ್ತೆಗೆ ಕೇಳಿಸಿತು. ಎದುರು ಮನೆಯ ಕಿಟಕಿಗಳು ತೆರೆದುಕೊಂಡವು. ನಿಲ್ಸಿ ಎಂದು ಕೂಗುವುದೇನೋ ಸುಲಭ, ನಿಲ್ಲಿಸುವ ಸಾಧನವನ್ನೇ ನಾನು ಕೆಡಿಸಿಟ್ಟಿದ್ದೆನಲ್ಲ! ಟೈಲರಮ್ಮ ಎರಡೂ ಬ್ರೇಕು ಹಿಡಿದು, ಎರಡೂ ಕಾಲು ನೆಲಕ್ಕೆ ಎಳೆಯುತ್ತಾ, ಸಾವಕಾಶವಾಗಿ ಬಂದು ನನ್ನ ಮಂಡಿಗಳಿಗೆ ಗುದ್ದಿದಳು. ನಾನು ಹಿಂದಕ್ಕೆ ವಾಲಿ, ಗೇಟಿನ ಪಕ್ಕದ ನೀರು ತುಂಬಿದ ಬಕೆಟ್ಟಿನಲ್ಲಿ ಕೂತೆ.

"ಅದಕ್ಕಾ ಸಾರ್, ನನ್ನ ಮೆಷಿನ್ ಎಣ್ಣೆ ಇಸ್ಕೊಂಡು ಹೋಗಿದ್ದು?" ಎಂದು ಟೈಲರಮ್ಮ ಕಣ್ಣರಳಿಸಿದಳು.

ನಾನು ಹೆಂಡತಿಯತ್ತ ನೋಡಿದೆ. ಬೈಗುಳಕ್ಕೆ ಬೆನ್ನು ಬಗ್ಗಿಸಿ ಕಾದೆ. ಅವಳು ಬೈಯಲಿಲ್ಲ. ಮೆಲ್ಲಗೆ ತನ್ನ ಅಂಗೈಗಳನ್ನು ನೋಡಿಕೊಂಡಳು.

"ಅಂದ್ರೆ... ನಾನು ಬ್ರೇಕ್ ಹಿಡಿದಿದ್ದೆ!" ಅವಳ ಮುಖ ಅರಳಿತು, ಕಣ್ಣು ತುಂಬಿಬಂತು. "ಸರಿಯಾಗೇ ಹಿಡಿದಿದ್ದೆ! ಎರಡೂ!"

ಅವಳು ಚೆನ್ನಾಗಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸಂತೋಷವನ್ನು ತಡೆದುಕೊಳ್ಳಲು ಆಗಲಿಲ್ಲ. ಎರಡು ದಿನ ನಾನು ಅವಳಿಂದ ಕಿತ್ತಿಟ್ಟುಕೊಂಡಿದ್ದು ಅದನ್ನೇ.

"ಭಾನುವಾರವೇ ಗೊತ್ತಿತ್ತಾ ನಿಮ್ಗೆ?" ಎಂದು ಕೇಳಿದಳು.

"ಗೊತ್ತಿತ್ತು."

"ಬೆರಳು ಎಲ್ಲಿಡ್ಬೇಕು ಅಂತ ಪಾಠ ಹೇಳಿದ್ರಲ್ಲ, ಆಗ್ಲೂ?"

"ಆಗ್ಲೂ."

ಅವಳು ಒಳಗೆ ಹೋಗಿ ಆ ಪತ್ರ ತಂದಳು. ನಾಲ್ಕು ಚೂರು ಮಾಡಿ, ಬಕೆಟ್ಟಿನಲ್ಲಿ ಕೂತಿದ್ದ ನನ್ನ ಕೈಗಿತ್ತಳು. "ಇದನ್ನ ಕಸದ ಬುಟ್ಟಿಗೆ ಹಾಕಿ. ಇದಾದ್ರೂ ಸರಿಯಾಗಿ ಮಾಡ್ತೀರಾ ನೋಡೋಣ."

ಮರುದಿನ ಗಾಡಿಯನ್ನು ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋದೆ. ಹೆಂಡತಿ ಪಕ್ಕದಲ್ಲಿ ನಡೆದುಬಂದಳು. ಮೆಕ್ಯಾನಿಕ್ ಚಕ್ರ ಮುಟ್ಟಿ, ಬೆರಳು ಮೂಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸಾರ್, ಓಡಿ ಓಡಿ ಬ್ರೇಕ್ ಹಾಳಾದ ಗಾಡಿ ತುಂಬ ನೋಡಿದ್ದೀನಿ. ಇಷ್ಟು ಮುತುವರ್ಜಿ ವಹಿಸಿ ಹಾಳು ಮಾಡಿದ್ದು ಇದೇ ಮೊದ್ಲು." ಬ್ರೇಕಿನ ಪ್ಯಾಡು ಬದಲಾಯಿಸಿದ, ಎಣ್ಣೆ ತೊಳೆದ, ನಟ್ಟು ಬಿಗಿಮಾಡಿದ. ಆಮೇಲೆ ನನ್ನತ್ತ ಬೆನ್ನು ತಿರುಗಿಸಿ ಅವಳಿಗೆ ಹೇಳಿದ, "ಅಕ್ಕಾ, ದಿನಾ ಹೊರಡೋಕೆ ಮುಂಚೆ ಹತ್ತಡಿ ನಿಧಾನಕ್ಕೆ ಓಡಿಸಿ, ಬ್ರೇಕ್ ಹಿಡಿದು ನೋಡ್ಕೊಳ್ಳಿ." ಅಲ್ಲಿಂದ ಅವಳೇ ಗಾಡಿ ಓಡಿಸಿಕೊಂಡು ಲ್ಯಾಬಿಗೆ ಹೋಗಿ, ಹುದ್ದೆ ಒಪ್ಪಿಕೊಂಡು ಬಂದಳು. ನಾನು ಮನೆಗೆ ನಡೆದೇ ಬಂದೆ.

ಈಗ ಅವಳು ಮೇಲ್ವಿಚಾರಕಿ. ದಿನಾ ಬೆಳಿಗ್ಗೆ ಐದೂವರೆಗೆ ಹೆಲ್ಮೆಟ್ಟು ತೊಟ್ಟು, "ರೀ, ಬನ್ನಿ," ಎಂದು ಕರೆಯುತ್ತಾಳೆ. ನಾನು ಹೋಗಿ ಗೇಟಿನ ನಡುವೆ, ಗಾಡಿಗೆ ಹತ್ತಡಿ ದೂರದಲ್ಲಿ ನಿಲ್ಲುತ್ತೇನೆ. ಎದುರಿಗೆ ಏನಾದರೂ ಇದ್ದರೆ ಬ್ರೇಕು ಚೆನ್ನಾಗಿ ಗೊತ್ತಾಗುತ್ತದಂತೆ! ಅವಳು ನನ್ನತ್ತಲೇ ಗಾಡಿ ಬಿಟ್ಟುಕೊಂಡು ಬಂದು ಬ್ರೇಕು ಹಿಡಿಯುತ್ತಾಳೆ. ಮೊದಲ ದಿನ ಚಕ್ರ ನನ್ನ ಕಾಲಿನ ಹೆಬ್ಬೆರಳಿಗೆ ಎರಡು ಬೆರಳು ದೂರದಲ್ಲಿ ನಿಂತಿತು. ವಾರ ಕಳೆಯುವಷ್ಟರಲ್ಲಿ ಒಂದು ಗೇಣಾಯಿತು. ನಿನ್ನೆ ಒಂದು ಮೊಳ! ಸದ್ಯ, ಕ್ಷಮೆ ದೊಡ್ಡದಾಗುತ್ತಿದೆ ಎಂದು ಉಸಿರು ಬಿಟ್ಟೆ.

ಇವತ್ತು ಬೆಳಿಗ್ಗೆ ಮತ್ತೆ ಎರಡೇ ಬೆರಳು!

"ಯಾಕೇ? ನಾನೇನು ಮಾಡ್ದೆ?" ಎಂದು ಬೆವರುತ್ತಾ ಕೇಳಿದೆ.

ಅವಳು ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು. "ಗಾಡಿ ಕನ್ನಡಿ ಫಳಫಳ ಅಂತಿದೆ. ಯಾರು ಒರೆಸಿದ್ದು?"

"ನಾನೇ," ಎಂದೆ. ಒಪ್ಪಿಕೊಳ್ಳಲು ಈ ಸಲ ಎರಡು ದಿನ ತೆಗೆದುಕೊಳ್ಳಲಿಲ್ಲ.